ಮೋಟರ್‌ಹೋಮ್ ಫ್ರಿಡ್ಜ್: ಫ್ರೀಜರ್ ಸರಿಯಾಗಿದೆ, ಐಸ್ ಮೇಕರ್ ಮಾತ್ರ ಐಸ್ ಮಾಡುತ್ತಿಲ್ಲ

ಫೀನಿಕ್ಸ್‌ಕನ್ನಡತಿ
ನಮಸ್ಕಾರ ಎಲ್ಲರಿಗೂ. ನಮ್ಮದು ಸೆಕೆಂಡ್‌ಹ್ಯಾಂಡ್ ಮೋಟರ್‌ಹೋಮ್, ಫ್ರಿಡ್ಜ್ ಕರೆಂಟ್ ಮತ್ತು ಗ್ಯಾಸ್ ಎರಡರಲ್ಲೂ ಓಡುತ್ತದೆ. ಒಂದು ತಿಂಗಳಿಂದ ಐಸ್ ತುಂಡುಗಳು ಸಣ್ಣ ಆಗುತ್ತಾ ಬಂದವು, ಕೆಲವಂತೂ ಒಳಗೆ ಟೊಳ್ಳು, ಈಗ ಹತ್ತು ದಿನದಿಂದ ಒಂದು ತುಂಡೂ ಬಿದ್ದಿಲ್ಲ. ಐಸ್‌ಕ್ರೀಂ ಮಾತ್ರ ಕಲ್ಲಿನ ಹಾಗಿದೆ. ಐಸ್ ಮೇಕರ್ ಪಕ್ಕದ ಆನ್-ಆಫ್ ತಂತಿ ಕೆಳಗೇ ಇದೆ, ಅಂದರೆ ಆಫ್ ಆಗಿಲ್ಲ. ರಿಪೇರಿಯವರಿಗೆ ಫೋನ್ ಮಾಡಿದರೆ, ಬಂದು ನೋಡದೆಯೇ, ಪೂರ್ತಿ ಹೊಸದು ಹಾಕಿಸಿ ಎಂದರು.

ಮುಂದಿನ ವಾರ ಅಮ್ಮನನ್ನು ಗ್ರ್ಯಾಂಡ್ ಕ್ಯಾನ್ಯನ್‌ಗೆ ಕರೆದುಕೊಂಡು ಹೋಗಬೇಕು. ದಾವಣಗೆರೆಯಿಂದ ಬಂದಿದ್ದಾರೆ. ಜಾಸ್ತಿ ನಡೆದ ದಿನ ಅವರ ಮೊಣಕಾಲು ಊದಿಕೊಳ್ಳುತ್ತದೆ, ರಾತ್ರಿ ಐಸ್ ಇಡಲೇಬೇಕು. ಅಷ್ಟರಲ್ಲಿ ಸರಿಯಾಗುತ್ತದಾ?

ಡೀಸೆಲ್‌ಗಾಡಿ
ಹೊಸದು ತರಿಸಬೇಡಿ ಮೇಡಂ, ಸ್ವಲ್ಪ ತಾಳಿ. ಮೊದಲು ಐಸ್ ಮೇಕರ್ ಅಚ್ಚಿನೊಳಗೆ ಟಾರ್ಚ್ ಬಿಟ್ಟು ನೋಡಿ. ಐಸ್ ಗಟ್ಟಿಯಾಗಿ ಅಲ್ಲೇ ಕೂತಿದ್ದರೆ ಹೀಟರ್, ಮೋಟರ್ ಅಥವಾ ಕರೆಂಟಿನ ತೊಂದರೆ. ಯಾಕೆಂದರೆ ಅಚ್ಚು ಸೊನ್ನೆಗಿಂತ 8–9 ಡಿಗ್ರಿ ಕೆಳಗೆ ಇಳಿದ ಮೇಲೆ ಹೀಟರ್ ಅಚ್ಚನ್ನು ಸ್ವಲ್ಪ ಬಿಸಿ ಮಾಡಿ ಐಸ್ ಸಡಿಲಿಸಬೇಕು, ಆಮೇಲೆ ಮೋಟರ್ ಐಸನ್ನು ಹೊರಗೆ ತಳ್ಳಬೇಕು. ಅಚ್ಚು ಖಾಲಿ ಇದ್ದರೆ ನೀರೇ ಬರುತ್ತಿಲ್ಲ. ನೀವು ಹೇಳಿದ್ದು ಕೇಳಿದರೆ ನನಗೆ ನೀರೇ ಅನ್ನಿಸುತ್ತದೆ. ಒಮ್ಮೆಲೇ ಕೆಟ್ಟಿದ್ದಲ್ಲ, ತುಂಡು ಸಣ್ಣದಾಗುತ್ತಾ ಆಗುತ್ತಾ ನಿಂತಿದ್ದು ಅಲ್ವಾ?

ಇನ್ನೊಂದು ಮಾತು. ಗ್ಯಾಸ್ ಮೇಲೆ ಫ್ರೀಜರ್ ತಣ್ಣಗಿರುತ್ತದೆ, ಆದರೆ ಐಸ್ ಮೇಕರ್‌ಗೂ ಅದರ ನೀರಿನ ವಾಲ್ವ್‌ಗೂ 120 ವೋಲ್ಟ್ ಕರೆಂಟೇ ಬೇಕು. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು, ಅಂದರೆ ಸೌತ್ ರಿಮ್‌ನ ಮೇದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಗಾಡಿಗೆ ಕರೆಂಟ್ ಜೋಡಿಸುವ ಹುಕಪ್ ಇಲ್ಲ, ಟ್ರೈಲರ್ ವಿಲೇಜ್‌ನಲ್ಲಿ ಇದೆ. ಎಲ್ಲಿ ಬುಕ್ ಮಾಡಿದ್ದೀರಿ ನೋಡಿಕೊಳ್ಳಿ.

ಟೂಲ್‌ಬಾಕ್ಸ್
ಅಣ್ಣ ಹೇಳಿದ್ದು ಸರಿ, ಅದಕ್ಕೆ ಸ್ವಲ್ಪ ಸೇರಿಸುತ್ತೇನೆ. ಫೀನಿಕ್ಸ್ ನೀರು ಎಷ್ಟು ಗಡಸು ಅಂತ ಅಲ್ಲಿದ್ದವರಿಗೆ ಗೊತ್ತು. ಗಾಡಿಯ ಹೊರಗಡೆ ಫ್ರಿಡ್ಜ್ ಹಿಂದಿನ ಕೆಳಗಿನ ಜಾಲರಿ ಬಾಗಿಲು ತೆಗೆದರೆ ವಾಲ್ವ್ ಕಾಣುತ್ತದೆ. ನೀರು ಒಳಗೆ ಹೋಗುವ ಬಾಯಲ್ಲಿ ಬೆರಳಿನ ಉಗುರಷ್ಟು ಸಣ್ಣ ಜಾಲರಿ ಇರುತ್ತದೆ, ಮೊದಲು ಕಟ್ಟುವುದೇ ಅದು. ಲೈನಿನಲ್ಲಿ ಫಿಲ್ಟರ್ ಇದ್ದರೆ ಅದನ್ನೂ ನೋಡಿ. ಮುಟ್ಟುವ ಮೊದಲು ಪಾರ್ಕಿನ ಕರೆಂಟ್ ಪ್ಲಗ್ ಕಿತ್ತು, ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಪಂಪ್ ನಿಲ್ಲಿಸಿ, ಅಡುಗೆಮನೆ ನಲ್ಲಿ ಬಿಟ್ಟು ಪ್ರೆಶರ್ ಇಳಿಸಿ. ಇದನ್ನು ದಯವಿಟ್ಟು ಬಿಡಬೇಡಿ.

ಜಾಲರಿ ಚೊಕ್ಕ ಇದ್ದರೆ, ಫ್ರೀಜರ್ ಒಳಗೆ ನೀರು ಬೀಳುವ ಕೊಳವೆ ನೋಡಿ. ಅದರಲ್ಲಿ ಐಸ್ ಕಟ್ಟಿಕೊಂಡಿದ್ದರೆ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿಟ್ಟು ಕರಗಿಸಬಹುದು. ಆದರೆ ಎರಡೇ ದಿನದಲ್ಲಿ ಮತ್ತೆ ಕಟ್ಟಿದರೆ ಕರಗಿಸುತ್ತಾ ಕೂರಬೇಡಿ. ವಾಲ್ವ್ ಪೂರ್ತಿ ಮುಚ್ಚದೆ ಹನಿ ಹನಿ ಸೋರುತ್ತಿದೆ ಅಂತ ಅರ್ಥ, ಅದನ್ನು ಬದಲಾಯಿಸಬೇಕು.

ಫೀನಿಕ್ಸ್‌ಕನ್ನಡತಿ
ಇಬ್ಬರಿಗೂ ತುಂಬಾ ಥ್ಯಾಂಕ್ಸ್! ಅಚ್ಚು ಖಾಲಿಯೇ ಇತ್ತು. ನಿನ್ನೆ ಸಂಜೆ ನಾನೂ ಯಜಮಾನರೂ ಹಿಂದಿನ ಬಾಗಿಲು ತೆಗೆದು, ಎಲ್ಲ ಆಫ್ ಮಾಡಿ, ವಾಲ್ವ್ ಬಿಚ್ಚಿದೆವು. ಆ ಜಾಲರಿ ನೋಡಿ ಅಮ್ಮ ತಕ್ಷಣ ಹೇಳಿದರು, ಇದು ನಮ್ಮೂರಿನ ಬೋರ್ ನೀರಿನ ಸುಣ್ಣ ಕಣೇ, ಸ್ನಾನದ ಹಂಡೆ ತಳದಲ್ಲಿ ಕೂರುತ್ತಲ್ಲ ಅದೇ ಎಂದು. ನಿಜವಾಗಿಯೂ ಹಾಗೇ ಇತ್ತು, ಬಿಳಿ ಪದರ, ಒಂದೂ ತೂತು ಕಾಣುತ್ತಿರಲಿಲ್ಲ. ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ, ಬೆಳಗ್ಗೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆವು. ಜೋಡಿಸಿ ಕರೆಂಟ್ ಕೊಟ್ಟು, ಸೋರುತ್ತಿಲ್ಲ ಅಂತ ಬೆರಳಿಟ್ಟು ಪರೀಕ್ಷೆ ಮಾಡಿದೆವು. ಸ್ವಲ್ಪ ಹೊತ್ತಿಗೆ ಅಚ್ಚಿಗೆ ನೀರು ಬೀಳುವ ಸದ್ದು ಕೇಳಿಸಿತು, ನನಗೆ ಅಷ್ಟು ಖುಷಿ! ಮೊದಲ ಎರಡು ಸಲದ್ದು ಚೆಲ್ಲಿದೆ, ಮೂರನೆಯದು ಎಂಟು ತುಂಡೂ ತುಂಬಿ ಬಂದಿವೆ. ಟ್ರೈಲರ್ ವಿಲೇಜೇ ಬುಕ್ ಆಗಿದೆ. ಅಲ್ಲಿ ರಾತ್ರಿ ಚಳಿ ಜಾಸ್ತಿ ಅಂತಾರೆ, ಈ ಲೈನಿಗೆ ಏನಾದರೂ ಮಾಡಬೇಕಾ?

ಡೀಸೆಲ್‌ಗಾಡಿ
ಸಂತೋಷ ಆಯಿತು ಮೇಡಂ. ಹೌದು, ಸೌತ್ ರಿಮ್ ಸುಮಾರು 2,100 ಮೀಟರ್ ಎತ್ತರ, ಫೀನಿಕ್ಸ್‌ನಲ್ಲಿ ಸೆಕೆ ಇದ್ದಾಗಲೂ ಅಲ್ಲಿ ನೀರು ಹೆಪ್ಪುಗಟ್ಟಬಹುದು. ವಾಲ್ವ್ ಆ ಜಾಲರಿ ಬಾಗಿಲ ಹಿಂದೆಯೇ ಇರುವುದರಿಂದ ಹೊರಗಿನ ಗಾಳಿ ನೇರ ತಾಗುತ್ತದೆ. ಗಾಳಿ ಓಡಾಟ ಫ್ರಿಡ್ಜ್‌ಗೆ ಬೇಕು, ಹಾಗಾಗಿ ಆ ಬಾಗಿಲು ಮುಚ್ಚಬೇಡಿ. ರಾತ್ರಿ ಸೊನ್ನೆಗೆ ಇಳಿಯುತ್ತದೆ ಅಂದರೆ ಸಂಜೆಯೇ ಅಮ್ಮನಿಗೆ ಬೇಕಾದಷ್ಟು ಐಸ್ ಚೀಲಕ್ಕೆ ತುಂಬಿಟ್ಟು, ತಂತಿ ಮೇಲೆತ್ತಿ ಆಫ್ ಮಾಡಿ, ಐಸ್ ಮೇಕರ್ ಲೈನಿನ ನೀರು ಮುಚ್ಚಿ, ಅದರಲ್ಲಿ ಉಳಿದ ನೀರನ್ನು ಖಾಲಿ ಮಾಡಿ. ಪ್ಲಾಸ್ಟಿಕ್ ವಾಲ್ವ್ ಒಂದು ಸಲ ಸೀಳಿದರೆ ವಿನೆಗರ್ ಕೆಲಸಕ್ಕೆ ಬರುವುದಿಲ್ಲ.