ಉಬುಂಟುನಲ್ಲಿ ಹಳೇ ಸಿಡಿ, ಡಿವಿಡಿ ಮೌಂಟ್ ಆಗುತ್ತಿಲ್ಲ, ದಯವಿಟ್ಟು ಸಹಾಯ ಮಾಡಿ

ಗಮಕಿ ಮಗಳು (ಹನುಮಂತನಗರ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆ ಗಮಕಿ. ವಾಚನ ಅವರದು, ವ್ಯಾಖ್ಯಾನ ಅವರ ಗೆಳೆಯರೊಬ್ಬರದು. ಬಸವನಗುಡಿ, ಮಲ್ಲೇಶ್ವರ, ರಾಜಾಜಿನಗರ ಅಂತ ಎಲ್ಲ ಕಡೆ ಓಡಾಡಿ ಕಾರ್ಯಕ್ರಮ ಕೊಟ್ಟವರು. ಆ ಗೆಳೆಯರು ಈಗ ಇಲ್ಲ. ತಂದೆಗೂ ಮೊದಲಿನ ಹಾಗೆ ದನಿ ಏಳುವುದಿಲ್ಲ. ಇಬ್ಬರ ದನಿಯೂ ಒಟ್ಟಿಗೆ ಸಿಗುವುದು 2003ರಿಂದ 2010ರ ನಡುವೆ ಬರೆಸಿಟ್ಟ ಸಿಡಿಗಳಲ್ಲಿ ಮಾತ್ರ. ಬೇರೆ ಕಾಪಿ ಇಲ್ಲ. ಹೇಗಾದರೂ ಮಾಡಿ ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಇಳಿಸಬೇಕು ಅಂತ ಕೂತಿದ್ದೇನೆ.

ನನ್ನದು ಹೊಸ ಡೆಸ್ಕ್‌ಟಾಪ್, ಉಬುಂಟು 24.04. ಹಳೇ ಕಂಪ್ಯೂಟರಿನಲ್ಲಿದ್ದ ಸಾಟಾ ಡಿವಿಡಿ ರೈಟರನ್ನೇ ಬಿಚ್ಚಿ ಇದಕ್ಕೆ ಹಾಕಿಸಿದ್ದೇನೆ. ಉಬುಂಟು ಹಾಕಿ ಎಲ್ಲ ಸೆಟ್ ಮಾಡಿಕೊಟ್ಟವನು ಅಣ್ಣನ ಮಗ. ಅವನೀಗ ಊರಲ್ಲಿಲ್ಲ.

ಡಿವಿಡಿ ಹಾಕಿದರೆ ಐಕಾನ್ ಬರುತ್ತದೆ, ಕ್ಲಿಕ್ ಮಾಡಿದರೆ 'ಓನ್ಲಿ ರೂಟ್ ಕ್ಯಾನ್ ಮೌಂಟ್' ಅನ್ನುತ್ತದೆ, ಅಂದರೆ ಡಿಸ್ಕ್ ಜೋಡಿಸಿ ತೆರೆಯುವ (ಮೌಂಟ್ ಮಾಡುವ) ಅಧಿಕಾರ ರೂಟ್ ಅನ್ನುವ ಮುಖ್ಯ ಖಾತೆಗೆ ಮಾತ್ರವಂತೆ. ಟರ್ಮಿನಲ್ಲಿನಲ್ಲಿ ಸುಡೊ (ರೂಟ್ ಅಧಿಕಾರ ಕೊಡುವ ಕಮ್ಯಾಂಡ್) ಹಾಕಿ ಮೌಂಟ್ ಮಾಡಿದರೆ ತೆರೆಯುತ್ತದೆ. ಆದರೆ ಕೆಲವು ಸಿಡಿಗಳಿಗೆ ಸುಡೊ ಹಾಕಿದರೂ 'ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಶನ್, ಬ್ಯಾಡ್ ಸೂಪರ್‌ಬ್ಲಾಕ್' ಅಂತ ಬರುತ್ತದೆ. ಇನ್ನು ಕೆಲವು ಸಿಡಿಗಳದ್ದು ಬೇರೆಯೇ ಕಥೆ. ಡ್ರೈವ್ ಗರ್ ಅಂತ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ, ಕೊನೆಗೆ 'ನೋ ಮೀಡಿಯಮ್ ಫೌಂಡ್'. ಡ್ರೈವುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮ್ಯಾಂಡ್ ಕೊಟ್ಟರೆ ಇಂಥ ಯಾವ ಸಿಡಿ ಹಾಕಿದರೂ ಎಸ್‌ಆರ್0 (ಡಿವಿಡಿ ಡ್ರೈವಿನ ಹೆಸರು) ಮುಂದೆ 1024ಎಂ ಅಂತಲೇ ತೋರಿಸುತ್ತದೆ. ಸಿಡಿಯಲ್ಲಿ 1024 ಎಂಬಿ ಹಿಡಿಸುವುದೇ ಇಲ್ಲ, ಅಲ್ವಾ? ಇವುಗಳ ಮೇಲೆ ತಂದೆ ಕಾಗದದ ಚೀಟಿ ಅಂಟಿಸಿ ಪ್ರಸಂಗದ ಹೆಸರು ಬರೆದಿದ್ದಾರೆ. ಅದೇನಾದರೂ ಕಾರಣವಾ? ಚೀಟಿ ಕಿತ್ತು ನೋಡಲಾ?

ಲಿನಕ್ಸ್ ಪ್ರಿಯ

ಪರ್ಮಿಷನ್ ತೊಂದರೆ ಇರಬೇಕು. ನಿಮ್ಮ ಯೂಸರನ್ನು ಸಿಡಿರಾಮ್ ಗ್ರೂಪಿಗೆ ಸೇರಿಸಿ ರೀಸ್ಟಾರ್ಟ್ ಮಾಡಿ. ಆಗಲೂ ಬರದಿದ್ದರೆ ಮೌಂಟ್ ಮಾಡುವಾಗ ಟೈಪ್ ಐಎಸ್ಓ9660 (ಡೇಟಾ ಸಿಡಿಯಲ್ಲಿ ಫೈಲ್ ಜೋಡಿಸುವ ಪದ್ಧತಿ) ಅಂತ ಕೊಟ್ಟು ನೋಡಿ.

ವಿಜಯನಗರದ ಹಳಬ

ಮೇಡಂ, ಮೊದಲನೇ ಮಾತು: ಚೀಟಿ ಕೀಳಬೇಡಿ. ದಯವಿಟ್ಟು ಕೀಳಬೇಡಿ. ಸಿಡಿಯಲ್ಲಿ ದನಿ ಇರುವ ಪದರ ಕೆಳಗಿನ ಹೊಳೆಯುವ ಮೈಗೆ ಹತ್ತಿರ ಇದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಇರುವುದು ಮೇಲ್ಗಡೆ, ಚೀಟಿಯ ಕೆಳಗೇ. ಕೆಳಗಡೆ ಇರುವುದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ದಪ್ಪದ ಪ್ಲಾಸ್ಟಿಕ್. ಅದರ ಮೇಲೆ ಡೈ, ಅದರ ಮೇಲೆ ಕನ್ನಡಿಯ ಹಾಗೆ ಹೊಳೆಯುವ ತೆಳು ಲೋಹ, ಅದರ ಮೇಲೆ ಒಂದು ಕೋಟು ಲ್ಯಾಕರ್, ಅಷ್ಟೇ. ಹಳೇ ಗೋಂದು ಲ್ಯಾಕರನ್ನು ಹಿಡಿದುಕೊಂಡಿರುತ್ತದೆ. ಚೀಟಿ ಎಳೆದರೆ ಲೋಹವೂ ಅದರ ಜೊತೆಗೇ ಎದ್ದು ಬರುತ್ತದೆ. ಆಮೇಲೆ ಬ್ರಹ್ಮ ಬಂದರೂ ಆ ಜಾಗ ಓದುವುದಿಲ್ಲ. ಡಿವಿಡಿಯಲ್ಲಿ ಈ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುತ್ತದೆ, ಅದಕ್ಕೆ ಅಷ್ಟು ಭಯವಿಲ್ಲ. ನಾನು ಬಹಳ ವರ್ಷ ಆಡಿಯೋ ಸ್ಟುಡಿಯೋದಲ್ಲಿ ಸಿಡಿ ಬರೆಯುವ ಕೆಲಸದಲ್ಲಿದ್ದವನು. ಚೀಟಿ ಕಿತ್ತು ಹಾಳಾದ ಸಿಡಿ ಹಿಡಿದುಕೊಂಡು ಬಂದವರ ಮುಖ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ನಿಮ್ಮ ಪ್ರಶ್ನೆ. ಇಲ್ಲಿ ಮೂರು ತೊಂದರೆ ಸೇರಿಕೊಂಡಿವೆ. ಬಿಡಿಸಿ ನೋಡಿದರೆ ಎರಡು ಸುಲಭ.

ಡಿವಿಡಿಯದು ಸೆಟ್ಟಿಂಗ್ ವಿಷಯ. ಇಟಿಸಿ ಫೋಲ್ಡರಿನಲ್ಲಿರುವ ಎಫ್‌ಎಸ್‌ಟ್ಯಾಬ್ ಫೈಲ್ ತೆಗೆದು ನೋಡಿ, ಯಾವ ಡ್ರೈವ್ ಹೇಗೆ ಮೌಂಟ್ ಆಗಬೇಕು ಅಂತ ಅದರಲ್ಲಿ ಬರೆದಿರುತ್ತದೆ. /ಡೆವ್/ಎಸ್‌ಆರ್0 ಅಂತ ಶುರುವಾಗುವ ಒಂದು ಸಾಲು ಇರುತ್ತದೆ ಅಂತ ನನ್ನ ಅನುಮಾನ. ಹುಡುಗ ಯಾವುದೋ ಹಳೇ ಪಾಠ ನೋಡಿ ಸೇರಿಸಿರಬಹುದು. ಈಗಿನ ಡೆಸ್ಕ್‌ಟಾಪಿನಲ್ಲಿ ಡಿಸ್ಕ್ ಹಾಕಿದ ಕೂಡಲೇ ಮೌಂಟ್ ಮಾಡುವುದು ಯುಡಿಸ್ಕ್ಸ್. ಸಾಮಾನ್ಯವಾಗಿ ಅದು ಮೀಡಿಯಾ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಕೆಳಗೆ ತಾನೇ ಜಾಗ ಮಾಡಿಕೊಳ್ಳುತ್ತದೆ. ಆದರೆ ಎಫ್‌ಎಸ್‌ಟ್ಯಾಬಿನಲ್ಲಿ ಆ ಡ್ರೈವಿನ ಹೆಸರು ಕಂಡರೆ ಅಲ್ಲಿ ಬರೆದ ಹಾಗೇ ನಡೆಯುತ್ತದೆ. ಆ ಸಾಲಿನಲ್ಲಿ 'ಯೂಸರ್' ಅನ್ನುವ ಆಯ್ಕೆ ಇಲ್ಲದಿದ್ದರೆ ರೂಟ್ ಬಿಟ್ಟು ಬೇರೆ ಯಾರಿಗೂ ಬಿಡುವುದಿಲ್ಲ. ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿ ಸೇವ್ ಮಾಡಿ. ಸಾಕು.

ಲಿನಕ್ಸ್ ಪ್ರಿಯ ಅವರು ಹೇಳಿದ ಗ್ರೂಪಿನ ಮಾತು ಒಂದು ಕಾಲಕ್ಕೆ ಸರಿಯಾಗಿತ್ತು. ಈಗ ಯಾರು ಸ್ಕ್ರೀನಿನ ಮುಂದೆ ಲಾಗಿನ್ ಆಗಿದ್ದಾರೋ ಅವರಿಗೆ ಡ್ರೈವ್ ಮುಟ್ಟುವ ಅನುಮತಿ ತಾನಾಗಿಯೇ ಸಿಗುತ್ತದೆ. ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮಾಡಿ ಬಂದರೆ ಮಾತ್ರ ಗ್ರೂಪ್ ಬೇಕಾಗಬಹುದು.

'ರಾಂಗ್ ಎಫ್‌ಎಸ್ ಟೈಪ್' ಅನ್ನುವ ಸಿಡಿಗಳು ಬಹುಶಃ ಹಾಳಾಗಿಲ್ಲ. ಅವು ಆಡಿಯೋ ಸಿಡಿ ಇರಬೇಕು. ಆಡಿಯೋ ಸಿಡಿಯಲ್ಲಿ ಫೈಲೂ ಇಲ್ಲ, ಫೋಲ್ಡರೂ ಇಲ್ಲ. ಬರೀ ಟ್ರ್ಯಾಕ್ ಇರುತ್ತದೆ, ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ದನಿ ಒಂದೇ ಸಮನೆ ಹರಿದಿರುತ್ತದೆ. ಮೌಂಟ್ ಆಗೋಕೆ ಅಲ್ಲಿ ಏನೂ ಇಲ್ಲ. ಟೈಪ್ ಐಎಸ್ಓ9660 ಅಂತ ಎಷ್ಟು ಸಲ ಕೊಟ್ಟರೂ ಅಷ್ಟೇ. ಇವನ್ನು ರಿಪ್ ಮಾಡಬೇಕು, ಅಂದರೆ ಟ್ರ್ಯಾಕಿನ ದನಿ ಓದಿ ಫೈಲ್ ಮಾಡಿಕೊಳ್ಳಬೇಕು. ಸಿಡಿಪ್ಯಾರನೋಯಾ ಹಾಕಿಕೊಳ್ಳಿ. ದೊಡ್ಡಕ್ಷರದ ಬಿ ಆಯ್ಕೆ ಕೊಟ್ಟರೆ ಪ್ರತಿ ಟ್ರ್ಯಾಕಿಗೂ ಬೇರೆ ಬೇರೆ ವೇವ್ ಫೈಲ್ ಮಾಡಿಕೊಡುತ್ತದೆ. ಮೌಸಿನಲ್ಲೇ ಮಾಡಬೇಕು ಅಂದರೆ ಸೌಂಡ್ ಜ್ಯೂಸರ್ ಇದೆ. ನಾನು ಸಿಡಿಪ್ಯಾರನೋಯಾ ಕಡೆಯವನು. ಅದು ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದಿ ಹೋಲಿಸಿ ನೋಡುತ್ತದೆ. ಡೇಟಾ ಸಿಡಿಯಲ್ಲಿ ಒಂದೊಂದು ಸೆಕ್ಟರಿಗೂ (ಸಿಡಿಯ ಒಂದು ಸಣ್ಣ ತುಂಡು) ತಪ್ಪು ತಿದ್ದಿಕೊಳ್ಳಲು ಹೆಚ್ಚುವರಿ ಬೈಟ್ ಇಟ್ಟಿರುತ್ತಾರೆ. ಆಡಿಯೋದಲ್ಲಿ ಆ ಒಂದು ಸುತ್ತು ಇಲ್ಲ, ಸೆಕ್ಟರಿನ 2352 ಬೈಟೂ ದನಿಗೇ ಹೋಗುತ್ತದೆ. ಅದಕ್ಕೇ ಗೀರು ಬಿದ್ದರೆ ಟಪ್ ಟಪ್ ಅಂತ ಸದ್ದು ಬರುವುದು. ನಿಧಾನ ಆಗುತ್ತದೆ, ಆಗಲಿ.

ಇನ್ನು 1024ಎಂ. ಇದು ನಿಜವಾದ ಸುಳಿವು. ಡ್ರೈವಿನಲ್ಲಿ ಡಿಸ್ಕೇ ಇಲ್ಲದಿದ್ದಾಗ ಕರ್ನಲ್ (ಲಿನಕ್ಸಿನ ತಿರುಳು) ಸುಮ್ನೆ ಇಟ್ಟುಕೊಳ್ಳುವ ಅಳತೆ ಅದು. ಟ್ರೇ ಖಾಲಿ ಇಟ್ಟು ಎಲ್‌ಎಸ್‌ಬಿಎಲ್‌ಕೆ ಕೊಡಿ, ಆಗಲೂ ಅದೇ ಬರುತ್ತದೆ. ಅಂದರೆ ಈ ಸಿಡಿಗಳನ್ನು ಡ್ರೈವ್ ಗುರುತೇ ಹಿಡಿದಿಲ್ಲ. ಇಲ್ಲಿ ಮೌಂಟ್ ಆಯ್ಕೆ ಬದಲಾಯಿಸಿ ಪ್ರಯೋಜನ ಇಲ್ಲ, ನೋಡಬೇಕಾದ್ದು ಡ್ರೈವಿನ ಕಣ್ಣು. ಸಿಡಿ ಓದುವ ಲೇಸರ್ 780 ನ್ಯಾನೋಮೀಟರಿನದು, ಡಿವಿಡಿ ಓದುವುದು 650ರದು. ಎರಡೂ ಬೇರೆ. ನಿಮ್ಮ ಡ್ರೈವ್ ಡಿವಿಡಿ ಚೆನ್ನಾಗಿ ಓದುತ್ತದೆ, ಒಳ್ಳೇ ಸಿಡಿಯನ್ನೂ ಓದುತ್ತದೆ, ಮಸುಕಾದ ಸಿಡಿಯಲ್ಲಿ ಸೋಲುತ್ತದೆ. ಸಿಡಿ ಲೇಸರಿಗೆ ವಯಸ್ಸಾಗಿದೆ, ಇಲ್ಲಾ ಲೆನ್ಸ್ ಮೇಲೆ ಧೂಳು ಕೂತಿದೆ. ನಮ್ಮೂರಿನ ರಸ್ತೆ ಅಗೆತದಲ್ಲಿ ಧೂಳಿಗೇನು ಬರ. ಮೊದಲು ಲೆನ್ಸ್ ಒರೆಸಿ, ಆಮೇಲೆ ಬೇರೆ ಡ್ರೈವ್. ಸಿಡಿಯನ್ನು ಒರೆಸುವುದಾದರೆ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತು ಹಾಕಬೇಡಿ.

ಎಸ್‌.ಪಿ. ರೋಡ್ ಗಿರಾಕಿ

ಹಳಬರು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಬೇರೆ ಡ್ರೈವ್ ಬೇಕು ಅಂದರೆ ಎಸ್‌.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಾಟಾ ರೈಟರ್ ಈಗಲೂ ಸಿಗುತ್ತದೆ. ಓದದೇ ಇರುವ ಸಿಡಿ ಒಂದನ್ನು ಜೊತೆಗೆ ತೆಗೆದುಕೊಂಡು ಹೋಗಿ, ಅಂಗಡಿಯಲ್ಲೇ ಹಾಕಿಸಿ ನೋಡಿ. ಟ್ರೇ ತೆಗೆದು ಮುಚ್ಚಿ ತೋರಿಸಿದರೆ ಒಪ್ಪಬೇಡಿ. ಒಂದೇ ಸಿಡಿಯನ್ನು ಒಂದು ಡ್ರೈವ್ ಓದುತ್ತೆ, ಇನ್ನೊಂದು ಓದಲ್ಲ, ಇದು ಮಾಮೂಲು.

ಯುಎಸ್‌ಬಿ ಡ್ರೈವ್ ತಂದರೆ ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ ಹಾಕಬೇಡಿ, ಹಿಂದಿನದಕ್ಕೆ ಹಾಕಿ. ಯುಎಸ್‌ಬಿ 2.0 ಕೊಡುವುದು 500 ಮಿಲಿಆಂಪ್, 3.0 ಆದರೆ 900. ಮೋಟರ್ ತಿರುಗಲು ಶುರುವಾಗುವಾಗ ಕರೆಂಟ್ ಸಾಲದಿದ್ದರೆ ಡ್ರೈವ್ ಕ್ಲಿಕ್ ಕ್ಲಿಕ್ ಅಂದು ಮಾಯವಾಗುತ್ತದೆ. ಆಮೇಲೆ ನೀವು ಸಿಡಿಯನ್ನು ಬೈಯುತ್ತೀರಿ. ಎರಡು ಡ್ರೈವ್ ಇದ್ದಾಗ ಹೊಸದು ಎಸ್‌ಆರ್1 ಆಗುತ್ತದೆ, ಕಮ್ಯಾಂಡಿನಲ್ಲಿ ಹೆಸರು ಬದಲಾಯಿಸೋದು ಮರೀಬೇಡಿ.

ಗಮಕಿ ಮಗಳು (ಹನುಮಂತನಗರ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚೀಟಿ ಮುಟ್ಟಿಲ್ಲ. ಎಫ್‌ಎಸ್‌ಟ್ಯಾಬಿನಲ್ಲಿ ಆ ಸಾಲು ಇತ್ತು, ಹ್ಯಾಶ್ ಹಾಕಿದೆ, ಡಿವಿಡಿ ಈಗ ತಾನಾಗಿ ತೆರೆಯುತ್ತದೆ. ಆಡಿಯೋ ಸಿಡಿಗಳು ಇಳಿಯುತ್ತಿವೆ. ತಂದೆ ಪಕ್ಕದಲ್ಲಿ ಕೂತು ಒಂದೊಂದು ಟ್ರ್ಯಾಕಿಗೂ ಪ್ರಸಂಗ, ರಾಗ ಹೇಳುತ್ತಿದ್ದಾರೆ, ನಾನು ಫೈಲಿನ ಹೆಸರಿಗೆ ಸೇರಿಸುತ್ತಿದ್ದೇನೆ.

ಲೆನ್ಸ್ ಒರೆಸಿದ ಮೇಲೆ ಚೀಟಿ ಸಿಡಿಗಳಲ್ಲಿ ಕೆಲವು ಎದ್ದಿವೆ. 1024 ಹೋಗಿ ಸರಿಯಾದ ಅಳತೆ ಬಂತು. ಅವು ಡೇಟಾ ಸಿಡಿ, ಒಳಗೆ ಎಂಪಿ3 ಇದೆ. ಆದರೆ ಕಾಪಿ ಮಾಡುವಾಗ ಅರ್ಧದಲ್ಲಿ 'ಇನ್‌ಪುಟ್ ಔಟ್‌ಪುಟ್ ಎರರ್' ಬಂದು ನಿಲ್ಲುತ್ತದೆ. ಜೊತೆಗೆ ತಂದೆ ಟೈಪ್ ಮಾಡಿದ ಟಿಪ್ಪಣಿಗಳ ಫೈಲೂ ಇವೆ. ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ, ಏನೂ ಅರ್ಥವಾಗದ್ದು. ಅದೂ ಸಿಡಿ ಹಾಳಾಗಿದ್ದರಿಂದಲೇ?

ಇನ್ನೊಂದು ವಿಚಿತ್ರ. ಒಂದು ಸಿಡಿ ಹಾಕಿದರೆ 'ಖಾಲಿ ಸಿಡಿ' ಅಂತ ಹೇಳಿ ಬರೆಯುವುದಾ ಅಂತ ಕೇಳುತ್ತಿದೆ. ಆದರೆ ಚೀಟಿಯ ಮೇಲೆ ತಂದೆ ತಾರೀಖು ಸಮೇತ ಬರೆದಿದ್ದಾರೆ.

ಪದ್ಮನಾಭನಗರ ಟೈಪಿಸ್ಟ್

ಅಕ್ಕ, ಟಿಪ್ಪಣಿ ಫೈಲ್ ಹಾಳಾಗಿಲ್ಲ. ಆ ಕಾಲದಲ್ಲಿ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿರುತ್ತಾರೆ. ಅದು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಕೂರಿಸಿದ ಫಾಂಟ್. ಆ ಫಾಂಟ್ ಹಾಕಿಕೊಂಡು ತೆರೆದರೆ ಕನ್ನಡ ಕಾಣುತ್ತದೆ. ಆಸ್ಕಿಯಿಂದ ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ. ಷಟ್ಪದಿ ಸಾಲು ಇದ್ದರೆ ತಂದೆಯವರಿಗೇ ತೋರಿಸಿ, ಮಾತ್ರೆ ತಪ್ಪಿದರೆ ಅವರಿಗೆ ಕೂಡಲೇ ಗೊತ್ತಾಗುತ್ತದೆ. ಮೂಲ ಫೈಲ್ ಮಾತ್ರ ಹಾಗೇ ಇಟ್ಟಿರಿ.

ವಿಜಯನಗರದ ಹಳಬ

ಮೇಡಂ, ಅರ್ಧಕ್ಕೆ ನಿಲ್ಲುವ ಸಿಡಿಗಳನ್ನು ಇನ್ನು ಮೌಂಟ್ ಮಾಡಿ ಎಳೆಯಬೇಡಿ. ಫೈಲ್ ಮ್ಯಾನೇಜರ್ ಕೆಟ್ಟ ಜಾಗ ಬಂದ ಕೂಡಲೇ ಕೈಬಿಡುತ್ತದೆ, ಮುಂದಿರುವ ಒಳ್ಳೇ ಭಾಗವೂ ಸಿಗುವುದಿಲ್ಲ. ಇಡೀ ಸಿಡಿಯ ಇಮೇಜ್ ತೆಗೆಯಿರಿ, ಅಂದರೆ ಪೂರ್ತಿ ಸಿಡಿಯನ್ನು ಒಂದೇ ಐಎಸ್ಓ ಫೈಲಾಗಿ ನಕಲು ಮಾಡಿ. ಉಬುಂಟುನಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ, ಕಮ್ಯಾಂಡ್ ಮಾತ್ರ ಡಿಡಿರೆಸ್ಕ್ಯೂ. ಹೀಗೆ ಕೊಡಿ, ಆಯ್ಕೆಗಳೆಲ್ಲ ಸಣ್ಣಕ್ಷರ:

ಡಿಡಿರೆಸ್ಕ್ಯೂ -ಬಿ 2048 -ಎನ್ /ಡೆವ್/ಎಸ್‌ಆರ್0 ಗಮಕ.ಐಎಸ್ಓ ಗಮಕ.ಮ್ಯಾಪ್

ಮೊದಲ ಸುತ್ತಿನಲ್ಲಿ ಇದು ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಹಠ ಮಾಡುವ ಜಾಗವನ್ನು ಪಕ್ಕಕ್ಕಿಟ್ಟು ಮುಂದೆ ಹೋಗುತ್ತದೆ. ಯಾವುದು ಬಂತು, ಯಾವುದು ಬಾಕಿ ಅನ್ನುವುದು ಮ್ಯಾಪ್ ಫೈಲಿನಲ್ಲಿ ಇರುತ್ತದೆ. ಎರಡನೇ ಸುತ್ತಿಗೆ -ಎನ್ ತೆಗೆದು -ಡಿ -ಆರ್3 ಹಾಕಿ, ಐಎಸ್ಓ ಮತ್ತು ಮ್ಯಾಪ್ ಹೆಸರು ಅವೇ ಇರಲಿ. ಆಗ ಬಾಕಿ ಜಾಗಕ್ಕೆ ಮಾತ್ರ ಕೈ ಹಾಕುತ್ತದೆ. ಇದರ ದೊಡ್ಡ ಉಪಯೋಗ ಇಲ್ಲೇ ಇದೆ: ಬೇರೆ ಡ್ರೈವ್ ತಂದ ಮೇಲೆ ಅದೇ ಮ್ಯಾಪ್ ಇಟ್ಟುಕೊಂಡು ಅದೇ ಸಿಡಿಯನ್ನು ಅದರಲ್ಲಿ ಓಡಿಸಿ. ಒಂದು ಡ್ರೈವ್ ಬಿಟ್ಟಿದ್ದನ್ನು ಇನ್ನೊಂದು ತುಂಬುತ್ತದೆ. ಆಮೇಲೆ ಆ ಐಎಸ್ಓವನ್ನು ಲೂಪ್ ಮೌಂಟ್ ಮಾಡಿ (ಸಿಡಿಯ ಹಾಗೇ ತೆರೆದು) ಫೈಲ್ ತೆಗೆದುಕೊಳ್ಳಿ. ಎಂಪಿ3 ಆದ್ದರಿಂದ ಒಂದೆರಡು ಸೆಕ್ಟರ್ ಹೋದರೂ ಒಂದು ಕ್ಷಣ ತಡವರಿಸಿ ಮುಂದೆ ಹಾಡುತ್ತದೆ.

ಚೀಟಿಯಿಂದ ಸಿಡಿಯ ತೂಕ ಒಂದು ಕಡೆ ವಾಲಿರುತ್ತದೆ, ಜೋರಾಗಿ ತಿರುಗಿದರೆ ನಡುಗುತ್ತದೆ. ಶುರು ಮಾಡುವ ಮೊದಲು ಎಜೆಕ್ಟ್ -ಎಕ್ಸ್ 4 (ಇದೂ ಸಣ್ಣಕ್ಷರ) ಕೊಟ್ಟು ವೇಗ ಇಳಿಸಿ.

'ಖಾಲಿ' ಅನ್ನುವ ಸಿಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಕೆಳಗಿನ ಮೈ ನೋಡಿ. ಬರೆದ ಭಾಗಕ್ಕೂ ಬರೆಯದ ಭಾಗಕ್ಕೂ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ. ಬರೆಯುವುದು ನಡುವಿನಿಂದ ಹೊರಕ್ಕೆ. ತೂತಿನ ಸುತ್ತ ಒಂದು ಅಗಲವಾದ ಪಟ್ಟಿ ಕಂಡರೆ ದನಿ ಅಲ್ಲಿದೆ.

ಗಮಕಿ ಮಗಳು (ಹನುಮಂತನಗರ)

ಪಟ್ಟಿ ಕಾಣಿಸಿತು ಸರ್! ಸುಮಾರು ಅರ್ಧದವರೆಗೆ ಇದೆ. ಈಗ ಏನು ಮಾಡಲಿ?

ವಿಜಯನಗರದ ಹಳಬ

ಹಾಗಾದರೆ ಸೆಷನ್ (ಒಂದು ಸಲಕ್ಕೆ ಬರೆದ ಭಾಗ) ಮುಚ್ಚದೇ ಬಿಟ್ಟಿದ್ದಾರೆ. ಬರೆಯುವಾಗ ಕರೆಂಟ್ ಹೋಗಿರಬಹುದು, ಪ್ರೋಗ್ರಾಮ್ ನಿಂತಿರಬಹುದು. ಪರಿವಿಡಿ ಬರೆಯುವುದು ಸೆಷನ್ ಮುಚ್ಚುವಾಗ, ಅದಿಲ್ಲದೆ ಡಿಸ್ಕ್ ಖಾಲಿ ಅಂತ ಕಾಣುತ್ತದೆ. ಡೆಸ್ಕ್‌ಟಾಪ್ 'ಬರೆಯಲಾ' ಅಂತ ಕೇಳಿದರೆ ಯಾವ ಕಾರಣಕ್ಕೂ ಹೂಂ ಅನ್ನಬೇಡಿ. ಸಿಡಿ ಬರೆಯುವ ಪ್ರೋಗ್ರಾಮ್ ವೋಡಿಮ್‌ನಲ್ಲಿ ಫಿಕ್ಸ್ ಅನ್ನುವ ಆಯ್ಕೆ ಇದೆ, ಸೆಷನ್ ಮುಚ್ಚುತ್ತದೆ. ಆದರೆ ಅದೂ ಡಿಸ್ಕಿನ ಮೇಲೆ ಬರೆಯುವ ಕೆಲಸವೇ, ನಿಮ್ಮ ಡ್ರೈವಿನ ಸಿಡಿ ಲೇಸರನ್ನು ನಾನು ಅಷ್ಟು ನಂಬುವುದಿಲ್ಲ. ಈ ಒಂದು ಸಿಡಿಯನ್ನು ಸದ್ಯಕ್ಕೆ ಕವರಿನಲ್ಲಿ ಹಾಕಿ ಕತ್ತಲೆ ಜಾಗದಲ್ಲಿ ಎತ್ತಿಡಿ. ಎಸ್‌.ಪಿ. ರೋಡಿನಿಂದ ಒಳ್ಳೇ ರೈಟರ್ ತನ್ನಿ. ಓದುವ ಡ್ರೈವ್ ಸಾಲದು, ರೈಟರೇ ಬೇಕು, ಮುಚ್ಚದ ಟ್ರ್ಯಾಕಿನ ಗುರುತು ಅದಕ್ಕೆ ಮಾತ್ರ ಕಾಣುತ್ತದೆ. ಅದರಲ್ಲಿ ಸಿಡಿ ಹಾಕಿ, ಎಕ್ಸಾರಿಸೊ ಅನ್ನುವ ಪ್ರೋಗ್ರಾಮಿನಿಂದ ಟಿಓಸಿ (ಪರಿವಿಡಿ) ಕೇಳಿ, ಬಂದ ಉತ್ತರವನ್ನು ಪೂರ್ತಿ ಇಲ್ಲಿ ಹಾಕಿ. ಅದನ್ನು ನೋಡಿದ ಮೇಲೆ ಫಿಕ್ಸ್ ಕೊಡಬೇಕೋ ಬೇಡವೋ ಹೇಳುತ್ತೇನೆ.