ಹದಿನೇಳರ ಹುಡುಗನ ಆಟ ನೋಡಿ ವೃತ್ತಿಪರ ಭವಿಷ್ಯ ಹೇಳಬಹುದೇ?

ಸ್ಕೋರ್‌ಶೀಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಲವು ವರ್ಷಗಳಿಂದ ಎನ್‌ಬಿಎ ಡ್ರಾಫ್ಟ್ ಅನ್ನು, ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದನ್ನು, ತಪ್ಪದೆ ನೋಡುತ್ತ ಬಂದಿದ್ದೇನೆ. ಪ್ರತಿ ವರ್ಷವೂ ಯಾರು ಮೇಲೆ ಬರುತ್ತಾರೆ, ಯಾರು ಮರೆಯಾಗುತ್ತಾರೆ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸವೂ ಇದೆ. ಈಚೆಗೆ ಆ ಪುಸ್ತಕವನ್ನು ತಿರುವಿ ಹಾಕಿದಾಗ ನನ್ನ ತೀರ್ಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಾಗಿರುವುದು ಕಂಡಿತು. 2011ರ ಪುಟದಲ್ಲಿ ಜಿಮ್ಮರ್ ಫ್ರೆಡೆಟ್ ಅವರ ಹೆಸರಿಗೆ ಎರಡು ಗೆರೆ ಎಳೆದು ‘ಖಂಡಿತ’ ಎಂದು ಬರೆದಿದ್ದೇನೆ. ಅದೇ ಪುಟದ ಕೆಳಗೆ ಕವಾಯ್ ಲೆನಾರ್ಡ್ ಹೆಸರಿನ ಮುಂದೆ ‘ದೂರದಿಂದ ಎಸೆಯಲು ಬಾರದು’ ಎಂಬ ಒಂದೇ ಸಾಲಿದೆ. 2014ರಲ್ಲಿ 41ನೆಯವರಾಗಿ ಆಯ್ಕೆಯಾಗಿ, ಮುಂದೆ ಲೀಗ್‌ನ ದೊಡ್ಡ ತಾರೆಯಾದ ನಿಕೊಲಾ ಯೋಕಿಚ್ ಅವರ ಹೆಸರನ್ನು ನಾನು ಬರೆದೇ ಇಲ್ಲ.

ದೂರದಲ್ಲಿ ಕುಳಿತು ನೋಡುವವನ ತಪ್ಪಿನಿಂದ ಯಾರಿಗೂ ನಷ್ಟವಿಲ್ಲ. ಆದರೆ ಈಗ ಪ್ರಶ್ನೆ ಹತ್ತಿರಕ್ಕೆ ಬಂದಿದೆ. ನಾನು ಒಂದು ಕಿರಿಯರ ತಂಡಕ್ಕೆ ಸ್ಕೋರ್‌ಶೀಟ್ ಬರೆಯುತ್ತೇನೆ. ಅಲ್ಲಿ 17 ವರ್ಷದ ಇಬ್ಬರು ಹುಡುಗರಿದ್ದಾರೆ. ಒಬ್ಬನು 6 ಅಡಿ 4 ಇಂಚು ಎತ್ತರ, ಪಂದ್ಯಕ್ಕೆ ಮೂವತ್ತರ ಹತ್ತಿರ ಅಂಕ ಗಳಿಸುತ್ತಾನೆ. ಇನ್ನೊಬ್ಬನು ಅವನಿಗಿಂತ ಎರಡು ಇಂಚು ಕುಳ್ಳ, ಎಂಟೋ ಒಂಬತ್ತೋ ಅಂಕ. ಆದರೂ ಪಂದ್ಯ ಬಿಗಿಯಾದಾಗ ನಮ್ಮ ತರಬೇತುದಾರರು ಅವನನ್ನು ಹೊರಗೆ ಕೂರಿಸುವುದೇ ಇಲ್ಲ. ಮೊದಲನೆಯ ಹುಡುಗನ ತಂದೆ ಕಳೆದ ವಾರ ನನ್ನನ್ನು ಪಕ್ಕಕ್ಕೆ ಕರೆದು, ‘ಇವನು ಈ ಆಟವನ್ನೇ ನೆಚ್ಚಿಕೊಂಡು ಬದುಕಬಲ್ಲನೇ? ನೇರವಾಗಿ ಹೇಳಿ’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ತಿಳಿದವರು ಇಂಥ ಹುಡುಗರಲ್ಲಿ ಏನನ್ನು ನೋಡುತ್ತಾರೆ ಎಂಬುದನ್ನು ದಯವಿಟ್ಟು ವಿವರಿಸಿ.

ಹಳೆಯ ಕೋಚ್

ನಿಮ್ಮ ನೋಟ್‌ಬುಕ್‌ನ ತಪ್ಪುಗಳಿಗೆಲ್ಲ ಬೇರು ಒಂದೇ ಎಂದು ನನಗೆ ತೋರುತ್ತದೆ. ಹುಡುಗ ಈಗ ಎಷ್ಟು ಚೆನ್ನಾಗಿ ಆಡುತ್ತಾನೆ ಎಂಬುದನ್ನು ನೀವು ಅಳೆದಿದ್ದೀರಿ. ಮೇಲಿನ ಹಂತದಲ್ಲಿ ಅವನಿಗೆ ಯಾವ ಕೆಲಸ ಸಿಗುತ್ತದೆ ಎಂಬುದನ್ನು ಅಳೆದಿಲ್ಲ. ಕೆಳಗಿನ ಹಂತದಲ್ಲಿ ಚೆಂಡು ಸದಾ ಅವನ ಕೈಯಲ್ಲೇ ಇರುತ್ತದೆ, ಅವನು ನಾಲ್ಕು ಎಸೆತ ತಪ್ಪಿಸಿದರೂ ಐದನೆಯದು ಅವನದೇ. ವೃತ್ತಿಪರ ತಂಡಕ್ಕೆ ಕಾಲಿಟ್ಟ ದಿನ ನೋಡಿದರೆ ಅಲ್ಲಿರುವ ಹದಿನೈದು ಮಂದಿಯೂ ಹೆಚ್ಚುಕಡಿಮೆ ಅವನಂತೆಯೇ ತಮ್ಮ ತಮ್ಮ ತಂಡಗಳಲ್ಲಿ ರಾಜರಾಗಿ ಮೆರೆದು ಬಂದವರು. ಅಂಕಣದಲ್ಲಿರುವುದು ಒಂದೇ ಚೆಂಡು. ಅದು ತನ್ನ ಕೈಗೆ ಬಾರದಿರುವ ಸಮಯದಲ್ಲಿ ಈ ಹುಡುಗ ತಂಡಕ್ಕೆ ಏನಾಗಿ ಒದಗುತ್ತಾನೆ ಎಂಬುದೇ ನನ್ನ ಮೊದಲ ಪ್ರಶ್ನೆ.

ಫ್ರೆಡೆಟ್ ಅವರನ್ನೇ ತೆಗೆದುಕೊಳ್ಳಿ. 2010–11ರಲ್ಲಿ ಅವರು ಪಂದ್ಯಕ್ಕೆ ಸರಾಸರಿ 28.9 ಅಂಕ ಗಳಿಸಿ ಅಮೆರಿಕದ ಕಾಲೇಜು ಆಟಗಾರರಲ್ಲೇ ಮೊದಲಿಗರಾಗಿದ್ದರು, 10ನೆಯವರಾಗಿ ಆಯ್ಕೆಯಾದರು. ಎನ್‌ಬಿಎಯಲ್ಲಿ ಯಾವ ತಂಡವೂ ಅವರಿಗಾಗಿ ತನ್ನ ಆಟದ ಕ್ರಮವನ್ನು ಬದಲಿಸಲಿಲ್ಲ, ಬದಲಿಸುವ ಅಗತ್ಯವೂ ಇರಲಿಲ್ಲ. ಅತ್ತ ತಮಗಿಂತ ಚುರುಕಾದ ಗಾರ್ಡ್‌ಗಳನ್ನು (ಚೆಂಡನ್ನು ಮುಂದೊಯ್ದು ಆಟ ಕಟ್ಟುವವರನ್ನು) ತಡೆಯುವುದು ಅವರಿಗೆ ಕಷ್ಟವಾಯಿತು. ಅದೇ ಫ್ರೆಡೆಟ್ 2017ರಲ್ಲಿ ಶಾಂಘೈ ತಂಡದ ಪರವಾಗಿ ಒಂದೇ ಪಂದ್ಯದಲ್ಲಿ 73 ಅಂಕ ಹೊಡೆದರು. ಅವರ ಕೈಚಳಕ ಎಲ್ಲಿಗೂ ಹೋಗಿರಲಿಲ್ಲ, ಎನ್‌ಬಿಎ ಅವರಿಂದ ಬೇಡಿದ ಕೆಲಸ ಬೇರೆಯಾಗಿತ್ತು. ಇದಕ್ಕೆ ವಿರುದ್ಧವಾಗಿ ಡ್ರೇಮಂಡ್ ಗ್ರೀನ್ 2012ರಲ್ಲಿ 35ನೆಯವರಾಗಿ ಆಯ್ಕೆಯಾದರು. ಬುಟ್ಟಿಯ ಹತ್ತಿರ ಆಡಲು ಎತ್ತರ ಸಾಲದು, ಬುಟ್ಟಿಯಿಂದ ದೂರದಲ್ಲಿ ಆಡಲು ಎಸೆತ ಸಾಲದು ಎಂಬ ಆಕ್ಷೇಪಗಳಿದ್ದವು. ಐದೂ ಸ್ಥಾನದವರನ್ನು ತಡೆಯಬಲ್ಲ ಕಾಲುಗಳು, ಎರಡು ಕ್ಷಣ ಮುಂದಿನದನ್ನು ಕಾಣುವ ಕಣ್ಣು, ಸರಿಯಾದ ಹೊತ್ತಿಗೆ ಪಾಸ್ ಕೊಡುವ ಬುದ್ಧಿ ಇವೆಲ್ಲ ಯಾವ ತಂಡಕ್ಕಾದರೂ ಬೇಕಾದವು. ಅವರು 2017ರಲ್ಲಿ ಲೀಗ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರನೆಂಬ ಪ್ರಶಸ್ತಿ ಪಡೆದರು.

ನಿಮಗೆ ಒಂದು ಅಭ್ಯಾಸ ಹೇಳುತ್ತೇನೆ. ಮುಂದಿನ ಪಂದ್ಯದಲ್ಲಿ ಚೆಂಡನ್ನು ನೋಡಬೇಡಿ, ಆ ಹುಡುಗನ ಪಾದಗಳನ್ನು ಮಾತ್ರ ನೋಡಿ. ಮೂಲೆಯಲ್ಲಿ ನಿಂತ ಎದುರಾಳಿಗೆ ಪಾಸ್ ಹೋದಾಗ ಇವನು ಅವನತ್ತ ಓಡಬೇಕಾಗುತ್ತದೆ. ಆ ಓಟದ ಕೊನೆಯ ಮೂರು ಹೆಜ್ಜೆಗಳಲ್ಲಿ ಬಹಳಷ್ಟು ಅಡಗಿದೆ. ಹೆಜ್ಜೆಗಳು ಚಿಕ್ಕದಾಗಿ, ಸೊಂಟ ತಗ್ಗಿ, ಒಂದು ಕೈ ಮೇಲೆತ್ತಿ, ಎದುರಾಳಿ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಜೊತೆಗೆ ಹೋಗಬಲ್ಲ ಹದದಲ್ಲಿ ನಿಲ್ಲುತ್ತಾನೆಯೇ, ಇಲ್ಲವೇ ಓಡಿ ಬಂದ ರಭಸಕ್ಕೆ ಮೇಲಕ್ಕೆ ಹಾರಿ ತನ್ನ ಬೆನ್ನ ಹಿಂದೆ ಇಡೀ ದಾರಿಯನ್ನು ಬಿಟ್ಟುಕೊಡುತ್ತಾನೆಯೇ? ಇಪ್ಪತ್ತು ಬಾರಿ ಇದನ್ನು ನೋಡಿದರೆ ಅವನ ಕಾಲು, ಮನಸ್ಸು, ಕಲಿಕೆ ಮೂರೂ ಒಟ್ಟಿಗೆ ಕಾಣುತ್ತವೆ. ಅಂಕಪಟ್ಟಿಯಲ್ಲಿ ಇದಕ್ಕೆ ಒಂದು ಕಾಲಂ ಕೂಡ ಇಲ್ಲ.

ದಶಮಾಂಶ

ಕೋಚ್ ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅಂಕಪಟ್ಟಿಯನ್ನು ಅಷ್ಟು ಬೇಗ ಪಕ್ಕಕ್ಕಿಡುವುದು ಬೇಡ. ಅದನ್ನು ಓದುವ ಕ್ರಮ ಸರಿಯಾಗಿರಬೇಕು, ಅಷ್ಟೆ.

ಮೊದಲು ವಯಸ್ಸು. ಒಂದೇ ಸಾಧನೆಯನ್ನು 19ರ ಹುಡುಗ ಮಾಡುವುದಕ್ಕೂ 22ರ ಹುಡುಗ ಮಾಡುವುದಕ್ಕೂ ಅಜಗಜಾಂತರವಿದೆ, ಏಕೆಂದರೆ ಎರಡನೆಯವನು ತನಗಿಂತ ಕಿರಿಯರ ಎದುರು ಆಡುತ್ತಿರುತ್ತಾನೆ. ಲೂಕಾ ಡೊಂಚಿಚ್ 2018ರಲ್ಲಿ, ಇನ್ನೂ 19 ವರ್ಷದವರಾಗಿದ್ದಾಗ, ಬೆಳೆದ ವೃತ್ತಿಪರರೇ ತುಂಬಿರುವ, ಯೂರೋಪಿನ ಕ್ಲಬ್‌ಗಳ ಯೂರೋಲೀಗ್‌ನ ಅತ್ಯುತ್ತಮ ಆಟಗಾರನಾಗಿ ಆಯ್ಕೆಯಾಗಿದ್ದರು. ಆದರೂ ಕಾಲಿನ ವೇಗ ಸಾಲದೆಂಬ ಅನುಮಾನದಿಂದ ಇಬ್ಬರನ್ನು ಅವರಿಗಿಂತ ಮೊದಲು ಆರಿಸಲಾಯಿತು. ಯಾರ ವಿರುದ್ಧ ಆಡಿ ಗಳಿಸಿದ ಅಂಕ ಎಂಬುದಕ್ಕೆ ಕೊಡಬೇಕಾದ ತೂಕವನ್ನು ಅಂದು ಕೊಟ್ಟಿರಲಿಲ್ಲ ಎಂದೇ ನನ್ನ ನಂಬಿಕೆ.

ಎರಡನೆಯದು ಎಸೆತ. ಹದಿಹರೆಯದವನ ಮೂರು ಅಂಕದ ಎಸೆತಗಳ ಶೇಕಡಾವಾರನ್ನು ನಂಬುವ ಮುನ್ನ ಒಂದು ಲೆಕ್ಕ ಮಾಡಿ ನೋಡಿ. ನಿಜವಾಗಿ ನೂರಕ್ಕೆ 35ರಷ್ಟು ಸಾಮರ್ಥ್ಯವಿರುವವನು ಒಂದು ಹಂಗಾಮಿನಲ್ಲಿ 100 ಎಸೆತ ಎಸೆದರೆ ಅವನ ಹೆಸರಿನಲ್ಲಿ 30 ದಾಖಲಾಗುವುದೂ 40 ದಾಖಲಾಗುವುದೂ ತೀರ ಸಾಮಾನ್ಯ. ಅದು ಬರಿಯ ಆಕಸ್ಮಿಕ. ಒಬ್ಬನನ್ನು ‘ಕೈ ಬಾರದವನು’ ಎಂದೂ ಇನ್ನೊಬ್ಬನನ್ನು ‘ಗುರಿಕಾರ’ ಎಂದೂ ಕರೆಯುವ ನಾವು ಎಷ್ಟೋ ಸಲ ಒಂದೇ ಸಾಮರ್ಥ್ಯದ ಇಬ್ಬರಿಗೆ ಎರಡು ಹೆಸರಿಡುತ್ತಿರುತ್ತೇವೆ. ಮೇಲಾಗಿ ಮೂರು ಅಂಕದ ಗೆರೆಯೂ ಬೇರೆ: ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದ ಪ್ರಕಾರ ಅದು 6.75 ಮೀಟರ್ ದೂರ, ಎನ್‌ಬಿಎಯಲ್ಲಿ ನೇರ ಎದುರಿನಿಂದ 7.24 ಮೀಟರ್. ಆದ್ದರಿಂದ ಅನುಭವಿಗಳು ಫ್ರೀ ಥ್ರೋವನ್ನು, ಅಂದರೆ ಎದುರಾಳಿಯ ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಎಸೆತವನ್ನು, ಗಮನವಿಟ್ಟು ನೋಡುತ್ತಾರೆ. ಅಲ್ಲಿ ಎದುರಾಳಿಯ ಕೈ ಇಲ್ಲ, ಅವಸರವಿಲ್ಲ, ಮಣಿಕಟ್ಟಿನ ಹದ ಮಾತ್ರ ಇದೆ. ಲೆನಾರ್ಡ್ ಕಾಲೇಜಿನ ಎರಡು ವರ್ಷಗಳಲ್ಲಿ ಯಾವ ವರ್ಷವೂ ಮೂರು ಅಂಕದ ಎಸೆತಗಳಲ್ಲಿ ನೂರಕ್ಕೆ 30ನ್ನು ಮುಟ್ಟಿರಲಿಲ್ಲ, ಆದರೆ ಫ್ರೀ ಥ್ರೋದಲ್ಲಿ 70ರ ಮೇಲಿದ್ದರು. ಕೈಯಲ್ಲಿ ಹದ ಇತ್ತು, ತಿದ್ದುವವರು ಬೇಕಿತ್ತು.

ಮೂರನೆಯದನ್ನು ಚುಟುಕಾಗಿ ಹೇಳುತ್ತೇನೆ: ಅಸಿಸ್ಟ್ (ಜೊತೆಗಾರನ ಬುಟ್ಟಿಗೆ ದಾರಿಯಾದ ಪಾಸ್) ಮತ್ತು ಟರ್ನೋವರ್‌ಗಳನ್ನು (ಚೆಂಡು ಕಳೆದುಕೊಂಡದ್ದು) ಅಕ್ಕಪಕ್ಕದಲ್ಲಿಟ್ಟು ನೋಡಿ, ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿದದ್ದು) ಮತ್ತು ಬ್ಲಾಕ್‌ಗಳನ್ನು (ಎಸೆತವನ್ನು ತಡೆದದ್ದು) ಆಡಿದ ನಿಮಿಷಗಳ ಲೆಕ್ಕದಲ್ಲಿ ನೋಡಿ. ಬರಿಯ ಅಂಕಗಳಿಗಿಂತ ಇವು ಮೇಲಿನ ಹಂತದ ಸುಳಿವನ್ನು ಚೆನ್ನಾಗಿ ಕೊಡುತ್ತವೆ.

ಬೆಂಚಿನ ಕೊನೆ

ನನ್ನದೊಂದು ಭಿನ್ನಾಭಿಪ್ರಾಯವಿದೆ. ನೀವಿಬ್ಬರೂ ಉತ್ತರ ತಿಳಿದ ಮೇಲೆ ಲೆಕ್ಕ ಬಿಡಿಸುತ್ತಿದ್ದೀರಿ. 2013ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಆಂಟನಿ ಬೆನೆಟ್ ಒಟ್ಟು 151 ಪಂದ್ಯಗಳನ್ನಷ್ಟೇ ಆಡಿದರು. ಅದೇ ಸಂಜೆ 15ನೆಯವರಾಗಿ ಆಯ್ಕೆಯಾದ ಯಾನಿಸ್ ಆಂಟೆಟೊಕುಂಪೊ ಗ್ರೀಸ್‌ನ ಎರಡನೆಯ ದರ್ಜೆಯ ಲೀಗ್‌ನಿಂದ ಬಂದವರು, ಮುಂದೆ ಎರಡು ಬಾರಿ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು. ಇದನ್ನೇ ಕಸುಬಾಗಿ ಮಾಡುವ, ಪ್ರಪಂಚ ಸುತ್ತುವ ಸ್ಕೌಟ್‌ಗಳಿರುವ 30 ತಂಡಗಳಿಗೆ ಕಾಣದೆ ಹೋದದ್ದು ಪಾದ ನೋಡಿದರೆ, ಫ್ರೀ ಥ್ರೋ ಎಣಿಸಿದರೆ ಕಾಣುತ್ತದೆ ಎಂದು ಹೇಗೆ ನಂಬುವುದು? ಆ ತಂದೆಗೆ ‘ಯಾರಿಗೂ ಹೇಳಲಾಗದು’ ಎಂದುಬಿಡುವುದೇ ಪ್ರಾಮಾಣಿಕ ಉತ್ತರವಲ್ಲವೇ?

ಮೊಣಕಾಲು ಪಟ್ಟಿ

‘ಯಾರಿಗೂ ಹೇಳಲಾಗದು’ ಎನ್ನುವುದು ಅರ್ಧ ಸತ್ಯ ಎಂದು ಅನುಭವದಿಂದ ಹೇಳುತ್ತೇನೆ. ನಾನು ಕೆಳ ದರ್ಜೆಯ ವೃತ್ತಿಪರ ಲೀಗ್ ಒಂದರಲ್ಲಿ ಮೂರು ಹಂಗಾಮು ಆಡಿದ್ದೇನೆ. ಆಟಗಾರನೊಬ್ಬ ಏನಾಗುತ್ತಾನೆ ಎಂಬುದರಲ್ಲಿ ಅವನದೊಂದು ಪಾಲಿರುತ್ತದೆ, ಅವನು ಸೇರಿದ ತಂಡದ್ದು ಇನ್ನೊಂದು ಪಾಲು. ಲೆನಾರ್ಡ್ ಆಯ್ಕೆಯಾದ ರಾತ್ರಿಯೇ ಅವರ ಹಕ್ಕು ಸ್ಯಾನ್ ಆಂಟೋನಿಯೊ ತಂಡದ ಪಾಲಾಯಿತು. ಅಲ್ಲಿ ಎಸೆತವನ್ನೇ ಕಲಿಸುವ ಚಿಪ್ ಎಂಗೆಲ್ಯಾಂಡ್ ಎಂಬ ತರಬೇತುದಾರರಿದ್ದರು, ಕಾಯುವ ತಾಳ್ಮೆಯಿದ್ದ ಆಡಳಿತವಿತ್ತು. ಮೂರು ವರ್ಷದ ಹೊತ್ತಿಗೆ, 2014ರ ಫೈನಲ್ಸ್‌ನ ಅತ್ಯಮೂಲ್ಯ ಆಟಗಾರ ಅವರೇ. ಅದೇ ಹುಡುಗ ವರ್ಷಕ್ಕೊಬ್ಬ ಕೋಚ್ ಬದಲಾಗುವ ತಂಡಕ್ಕೆ ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ. ನನ್ನ ಮೊದಲ ತಂಡದಲ್ಲಿ ಹಂಗಾಮಿನ ನಡುವೆಯೇ ಕೋಚ್ ಬದಲಾದರು. ಹೊಸಬರ ಆಟದ ಕ್ರಮದಲ್ಲಿ ನನಗೆ ಜಾಗವಿರಲಿಲ್ಲ, ಮುಂದಿನ ಹನ್ನೊಂದು ಪಂದ್ಯಗಳನ್ನು ಮೈಬಿಸಿ ಮಾಡಿಕೊಳ್ಳುವ ಅಂಗಿಯಲ್ಲೇ ಕಳೆದೆ.

ದೇಹದ ವಿಷಯದಲ್ಲಿ ಎರಡು ಮಾತು. ಮುಂದೆ ದೊಡ್ಡ ತಾರೆಯಾದ ಕೆವಿನ್ ಡ್ಯುರಾಂಟ್ 2007ರ ಡ್ರಾಫ್ಟ್‌ಗೆ ಮುಂಚಿನ ದೇಹಬಲದ ಪರೀಕ್ಷೆಯಲ್ಲಿ ಸುಮಾರು 84 ಕೆಜಿ ತೂಕವನ್ನು ಒಂದು ಸಲವೂ ಎತ್ತಲಾಗಲಿಲ್ಲ. ಅವರಿಗಿಂತ ಮೊದಲು ಆಯ್ಕೆಯಾದ, ಕಟ್ಟುಮಸ್ತಾದ ಗ್ರೆಗ್ ಓಡನ್ ಮೊಣಕಾಲಿನ ನೋವಿನಿಂದಾಗಿ 105 ಪಂದ್ಯಗಳಲ್ಲೇ ನಿಲ್ಲಬೇಕಾಯಿತು. ತೋಳಿನ ಬಲವನ್ನು ಬೆಳೆಸಬಹುದು. ಹಾಗೆಯೇ 14ಕ್ಕೇ ಪೂರ್ತಿ ಬೆಳೆದು ನಿಂತವನು ಚಿಕ್ಕವರ ನಡುವೆ ದೇಹಬಲದಿಂದಲೇ ಗೆಲ್ಲುತ್ತಾನೆ, ಮಿಕ್ಕವರು ಬೆಳೆದಾಗ ಅವನ ಕೈಯಲ್ಲಿ ಬೇರೆ ಆಯುಧವಿರುವುದಿಲ್ಲ. ಎನ್‌ಬಿಎ ತಾರೆ ಆಂಟನಿ ಡೇವಿಸ್ ಶಾಲೆಯಲ್ಲಿ ಗಾರ್ಡ್ ಆಗಿದ್ದು ಅಲ್ಪಕಾಲದಲ್ಲೇ ಸುಮಾರು 8 ಇಂಚು ಬೆಳೆದರು; ಕುಳ್ಳನಾಗಿದ್ದಾಗ ಕಲಿತ ಡ್ರಿಬಲ್ ಮತ್ತು ಪಾಸ್ ಎತ್ತರ ಬಂದ ಮೇಲೂ ಅವರ ಬಳಿ ಉಳಿಯಿತು.

ಇನ್ನೊಂದು: ವೃತ್ತಿಪರ ಎಂದರೆ ಎನ್‌ಬಿಎ ಮಾತ್ರವಲ್ಲ. ಅಲ್ಲಿ ಒಂದು ತಂಡಕ್ಕೆ 15 ಮಾಮೂಲಿ ಒಪ್ಪಂದಗಳು, ಅಂದರೆ ಇಡೀ ಲೀಗ್‌ನಲ್ಲಿ 450 ಜಾಗಗಳು. ಜೊತೆಗೆ ಎನ್‌ಬಿಎ ಮತ್ತು ಅದರ ಕೆಳಗಿನ ಲೀಗ್ ಎರಡರಲ್ಲೂ ಆಡಿಸುವ ಕೆಲವು ದ್ವಿಮುಖ ಒಪ್ಪಂದಗಳು. ನಮ್ಮ ಭಾರತದ ಸತ್ನಾಮ್ ಸಿಂಗ್ 2015ರಲ್ಲಿ 52ನೆಯವರಾಗಿ ಆಯ್ಕೆಯಾದರೂ ಎನ್‌ಬಿಎಯ ಲೀಗ್ ಪಂದ್ಯವೊಂದರಲ್ಲೂ ಅವರಿಗೆ ಅವಕಾಶ ಸಿಗಲಿಲ್ಲ. ಯೂರೋಪಿನಲ್ಲಿ, ಏಷ್ಯಾದಲ್ಲಿ ಎಷ್ಟೋ ಲೀಗ್‌ಗಳಿವೆ, ಅಲ್ಲಿ ಗೌರವದಿಂದ ದುಡಿಯುವ ಸಾವಿರಾರು ಆಟಗಾರರಿದ್ದಾರೆ. ತಂದೆಯವರು ಕೇಳಿದ್ದು ಯಾವುದರ ಬಗ್ಗೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಸ್ಕೋರ್‌ಶೀಟ್

ಎಲ್ಲರಿಗೂ ಕೃತಜ್ಞತೆಗಳು. ಈ ಎರಡು ವಾರಗಳಲ್ಲಿ ಸ್ಕೋರ್‌ಶೀಟ್ ಅನ್ನು ಬೇರೊಬ್ಬರಿಗೆ ವಹಿಸಿ, ಎರಡು ಪಂದ್ಯಗಳನ್ನು ಕೋಚ್ ಸರ್ ಹೇಳಿದಂತೆ ಪಾದಗಳನ್ನಷ್ಟೇ ನೋಡುತ್ತ ಕಳೆದೆ. ಕಡಿಮೆ ಅಂಕದ ಹುಡುಗನನ್ನು ಹೊರಗೆ ಕೂರಿಸದಿರುವ ಕಾರಣ ಮೊದಲ ಹತ್ತು ನಿಮಿಷದಲ್ಲೇ ತಿಳಿಯಿತು: ಸ್ಕ್ರೀನ್ (ನಮ್ಮವರ ದಾರಿಗೆ ಎದುರಾಳಿ ಅಡ್ಡ ನಿಲ್ಲುವುದು) ಬರುವ ಮೊದಲೇ ಕೂಗಿ ಹೇಳುತ್ತಾನೆ, ಜೊತೆಗಾರ ತಪ್ಪಿದ ಜಾಗಕ್ಕೆ ಇವನು ಆಗಲೇ ಹೋಗಿ ನಿಂತಿರುತ್ತಾನೆ.

ಅಂಕ ಗಳಿಸುವ ಹುಡುಗ ಮೊದಲ ಪಂದ್ಯದಲ್ಲಿ ಎದುರಾಳಿಯತ್ತ ಓಡಬೇಕಾದ ಹದಿನಾಲ್ಕು ಸಲದಲ್ಲಿ ಒಂಬತ್ತು ಸಲ ಹಾರಿಬಿಟ್ಟ, ಎರಡು ಸಲ ಓಡಲೇ ಇಲ್ಲ. ನನಗೆ ಬೇಸರವಾಯಿತು. ಆದರೆ ಎರಡನೆಯ ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲಿ ನಮ್ಮ ತರಬೇತುದಾರರು ಎದುರಾಳಿಗಳ ಅತ್ಯುತ್ತಮ ಆಟಗಾರನನ್ನು ತಡೆಯುವ ಹೊಣೆಯನ್ನು ಇದೇ ಹುಡುಗನಿಗೆ ಕೊಟ್ಟರು. ಅವನು ಸೊಂಟ ತಗ್ಗಿಸಿ ಕಾಲಿಗೆ ಕಾಲು ಕೊಟ್ಟು ಓಡಿದ. ಆ ಎಂಟು ನಿಮಿಷದಲ್ಲಿ ಆ ಆಟಗಾರನಿಗೆ ಸಿಕ್ಕಿದ್ದು ಒಂದೇ ಬುಟ್ಟಿ. ಇವನು ಗಳಿಸಿದ್ದು ಬರೇ ನಾಲ್ಕು ಅಂಕ, ಏಕೆಂದರೆ ಉಸಿರು ಉಳಿದಿರಲಿಲ್ಲ. ಈ ಹಂಗಾಮಿನ ಫ್ರೀ ಥ್ರೋಗಳನ್ನೂ ಕೂಡಿ ನೋಡಿದೆ: 130ಕ್ಕೆ 106. ಈಗ ನನ್ನ ಅನುಮಾನ ಇನ್ನೂ ಹೆಚ್ಚಾಗಿದೆ. ಅವನಿಗೆ ಬರುವುದಿಲ್ಲವೋ, ಅಥವಾ ಇಷ್ಟು ವರ್ಷ ಯಾರೂ ಅವನಿಂದ ಕೇಳಲಿಲ್ಲವೋ?

ಹಳೆಯ ಕೋಚ್

ನೀವು ಕೇಳಬೇಕಾದ ಪ್ರಶ್ನೆಗೆ ಈಗ ಬಂದಿದ್ದೀರಿ. ‘ಬೆಂಚಿನ ಕೊನೆ’ಯವರ ಆಕ್ಷೇಪಕ್ಕೂ ನನ್ನ ಉತ್ತರ ಇಲ್ಲೇ ಇದೆ: ಒಂದು ದಿನದ ಆಟ ನೋಡಿ ಭವಿಷ್ಯ ಹೇಳಲಾಗದು, ಆದರೆ ಹುಡುಗ ಯಾವ ದಿಕ್ಕಿಗೆ, ಯಾವ ವೇಗದಲ್ಲಿ ಸಾಗುತ್ತಿದ್ದಾನೆ ಎಂಬುದನ್ನು ಕೆಲವು ತಿಂಗಳಲ್ಲಿ ಕಾಣಬಹುದು. ನಿಮ್ಮ ತರಬೇತುದಾರರ ಜೊತೆ ಮಾತಾಡಿ, ಮುಂದಿನ ಮೂರು ತಿಂಗಳು ಪ್ರತಿ ಪಂದ್ಯದಲ್ಲೂ ಕಠಿಣವಾದ ಎದುರಾಳಿಯನ್ನು ಅವನಿಗೇ ಒಪ್ಪಿಸಲಿ. ಅಂಕಗಳು ಮೂವತ್ತರಿಂದ ಹದಿನೆಂಟಕ್ಕೆ ಇಳಿಯುತ್ತವೆ. ಇಳಿದಾಗ ಅವನ ಮುಖ ಹೇಗಿರುತ್ತದೆ, ಅಭ್ಯಾಸಕ್ಕೆ ಎಷ್ಟು ಹೊತ್ತಿಗೆ ಬರುತ್ತಾನೆ, ಹದಿನಾಲ್ಕರಲ್ಲಿ ಒಂಬತ್ತು ಸಲ ಹಾರಿದ ಆ ಲೆಕ್ಕ ಎಷ್ಟಕ್ಕೆ ಬರುತ್ತದೆ ಎಂಬುದನ್ನು ಬರೆದಿಡಿ.

ತಂದೆಯವರಿಗೆ ಇದನ್ನೇ ಹೇಳಿ: ಹುಡುಗನ ಕೈಯಲ್ಲಿ ಹದವಿದೆ, ಫ್ರೀ ಥ್ರೋ ಅದನ್ನು ತೋರಿಸುತ್ತಿದೆ, ಕಾಲಿನ ಕೆಲಸವನ್ನು ಯಾರೂ ಇದುವರೆಗೆ ಕೇಳಿರಲಿಲ್ಲ, ಈಗ ಕೇಳುತ್ತಿದ್ದೇವೆ, ಓದು ನಿಲ್ಲಿಸುವ ಮಾತು ಸದ್ಯಕ್ಕೆ ಬೇಡ, ಹಂಗಾಮು ಮುಗಿದ ಮೇಲೆ ಮತ್ತೆ ಕುಳಿತು ಮಾತಾಡೋಣ ಎಂದು. ಅಂಕ ಇಳಿದದ್ದನ್ನು ಕಂಡು ಅವರು ಮೊದಲ ತಿಂಗಳಲ್ಲೇ ನಿಮ್ಮ ಬಳಿ ಬರುತ್ತಾರೆ. ಆಗ ಅವರನ್ನು ನಿಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪೂರ್ತಿ ಪಂದ್ಯ ಮಗನ ಪಾದಗಳನ್ನು ತೋರಿಸಿ.