ಅಣು ವಿದ್ಯುತ್ತಿನ ರಾಜಕೀಯ: ನಿವೃತ್ತ ರಿಯಾಕ್ಟರ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಉತ್ತರ ಕೊಡುವವರು ನಮ್ಮ ಗುಂಪಿನ ಎಂಜಿನಿಯರ್ ಸರ್. ಭಾರಜಲ (ಹೆವಿ ವಾಟರ್) ಬಳಸುವ ರಿಯಾಕ್ಟರುಗಳಲ್ಲಿ 31 ವರ್ಷ ದುಡಿದವರು. ಮೇಲಿನ ಉತ್ತರಗಳನ್ನು ಓದಿ ಆಮೇಲೆ ಪ್ರಶ್ನೆ ಹಾಕಿ, ದಯವಿಟ್ಟು.

ಹಾಸನ ಹುಡುಗ: ಸರ್, ದೇಶದ ಕರೆಂಟಿನಲ್ಲಿ ಅಣು ವಿದ್ಯುತ್ತಿನ ಪಾಲು ಎಷ್ಟು?

ಎಂಜಿನಿಯರ್: ಸುಮಾರು 3%. ಈಗಿರುವ ಸಾಮರ್ಥ್ಯ 9 ಗಿಗಾವ್ಯಾಟ್ ಹತ್ತಿರ. 2025ರ ಕೇಂದ್ರ ಬಜೆಟ್ 2047ಕ್ಕೆ 100 ಗಿಗಾವ್ಯಾಟ್ ಎಂದು ಗುರಿ ಇಟ್ಟಿದೆ.

ಶಹಾಪುರ ರೈತ: ಸರ್, ನಮ್ಮ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಇದೆ. ಗಣಿ ಬಂದರೆ ನಮ್ಮ ಬಾವಿ ನೀರಿನ ಗತಿ ಏನು?

ಮೈಸೂರ್ ಮೇಷ್ಟ್ರು: ಥೋರಿಯಂ ನಮ್ಮಲ್ಲಿ ಬೇಕಾದಷ್ಟಿದೆ. ಅಮೆರಿಕ ಬಿಡುತ್ತಿಲ್ಲ ಎಂದು ಒಂದು ಮೆಸೇಜ್ ಬಂದಿದೆ. ನಿಜವೇ?

ಎಂಜಿನಿಯರ್: ಅಲ್ಲ, ಮೇಷ್ಟ್ರೇ. ಕೇರಳದ ಮರಳಿನಲ್ಲಿ ಥೋರಿಯಂ ಇರುವುದು ನಿಜ. ಆದರೆ ಅದು ತಾನಾಗಿ ಉರಿಯುವುದಿಲ್ಲ. ರಿಯಾಕ್ಟರಿನೊಳಗೆ ಇಟ್ಟು ಯುರೇನಿಯಂ-233 ಮಾಡಿಕೊಳ್ಳಬೇಕು. ಅದಕ್ಕೆ ಮೊದಲು ಪ್ಲುಟೋನಿಯಂ (ರಿಯಾಕ್ಟರಿನಲ್ಲಿ ಯುರೇನಿಯಂನಿಂದ ಹುಟ್ಟುವ, ಬಾಂಬಿಗೂ ಆಗುವ ಲೋಹ) ಬಳಸುವ ಬ್ರೀಡರ್ ರಿಯಾಕ್ಟರುಗಳು, ಅಂದರೆ ಉರಿಸಿದ್ದಕ್ಕಿಂತ ಹೆಚ್ಚು ಇಂಧನ ಹುಟ್ಟಿಸುವಂಥವು ಬೇಕು. ಹೋಮಿ ಭಾಭಾ ಹಾಕಿಕೊಟ್ಟ ಮೂರು ಹಂತದ ಯೋಜನೆ ಎಂದರೆ ಇದೇ. ಕಲ್ಪಾಕ್ಕಂನ 500 ಮೆಗಾವ್ಯಾಟ್ ಬ್ರೀಡರ್ ಕಟ್ಟಲು ಶುರು ಮಾಡಿದ್ದು 2004ರಲ್ಲಿ. ಅದರ ಒಡಲು (ಕೋರ್) ತುಂಬಲು ಶುರು ಮಾಡಿದ್ದು 2024ರಲ್ಲಿ. ತಡವಾದದ್ದು ಕೆಲಸ ಕಷ್ಟದ್ದು ಅಂತ, ಯಾರೋ ತಡೆದರು ಅಂತ ಅಲ್ಲ.

ಎಲೆಕ್ಟ್ರಿಕಲ್ ಹುಡುಗಿ: ಸರ್, ಅಮೆರಿಕದ ಜೊತೆಗಿನ ಅಣು ಒಪ್ಪಂದಕ್ಕಾಗಿ 2006ರಲ್ಲಿ ನಮ್ಮ ಸರ್ಕಾರ ಮಾಡಿದ ಪಟ್ಟಿ ಓದಿದೆ. ಆಗಿನ 22 ರಿಯಾಕ್ಟರುಗಳಲ್ಲಿ 14ನ್ನು ಮಾತ್ರ ಅಂತಾರಾಷ್ಟ್ರೀಯ ತಪಾಸಣೆಗೆ ಬಿಟ್ಟುಕೊಟ್ಟಿದ್ದಾರೆ. ಕೈಗಾದ ನಾಲ್ಕೂ ಘಟಕ ಆ ಪಟ್ಟಿಯಿಂದ ಹೊರಗಿವೆ. ಹಾಗಾದರೆ ಕೈಗಾ ಇರುವುದು ಬಾಂಬಿಗಾ? ನಮ್ಮ ಕ್ಲಾಸಿನಲ್ಲಿ ಯಾರೂ ಇದಕ್ಕೆ ಉತ್ತರ ಕೊಡಲಿಲ್ಲ.

ಎಂಜಿನಿಯರ್: ತುಂಬಾ ಒಳ್ಳೆಯ ಪ್ರಶ್ನೆ, ಮಗಳೇ. ನಿಧಾನಕ್ಕೆ ಹೇಳುತ್ತೇನೆ.

ಕೈಗಾ ಇರುವುದು ಕರೆಂಟಿಗೆ. ಆದರೆ ಅದನ್ನು ಹೊರಗಿಟ್ಟದ್ದು ಕರೆಂಟಿಗಾಗಿ ಅಲ್ಲ.

1956ರಲ್ಲಿ ಕೆನಡಾ ನಮಗೆ ಟ್ರಾಂಬೆಯ ಸೈರಸ್ ರಿಯಾಕ್ಟರ್ ಕೊಡಲು ಒಪ್ಪಿತು. ಅದಕ್ಕೆ ಭಾರಜಲ ಕೊಟ್ಟದ್ದು ಅಮೆರಿಕ. ಶಾಂತಿಯ ಕೆಲಸಕ್ಕೆ ಮಾತ್ರ ಎಂಬ ಮಾತಾಗಿತ್ತು. 1974ರ ಮೇ 18ರಂದು ಪೋಖ್ರಾನಿನಲ್ಲಿ ಸ್ಫೋಟಿಸಿದ ಸಾಧನದ ಪ್ಲುಟೋನಿಯಂ ಬಂದದ್ದು ಅದೇ ಸೈರಸ್‌ನಿಂದ. ನಾವು ಅದನ್ನು ಶಾಂತಿಯುತ ಸ್ಫೋಟ ಎಂದೆವು. ಕೆನಡಾ ಒಪ್ಪಲಿಲ್ಲ, ಸಹಕಾರ ನಿಲ್ಲಿಸಿತು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಎರಡನೇ ಘಟಕ ಅರ್ಧಕ್ಕೆ ನಿಂತಿತ್ತು. ನಮ್ಮವರೇ ಅದನ್ನು ಕಟ್ಟಿ ಮುಗಿಸಿದರು. ಅಣು ಸಾಮಗ್ರಿ ಪೂರೈಸುವ ದೇಶಗಳೆಲ್ಲ ಸೇರಿ ಎನ್‌ಎಸ್‌ಜಿ ಕೂಟ ಕಟ್ಟಿಕೊಂಡದ್ದೂ ಆ ಸ್ಫೋಟ ನೋಡಿಯೇ. ನನ್ನ ತಲೆಮಾರಿನ ಎಂಜಿನಿಯರುಗಳು ವಾಲ್ವು, ಪಂಪು, ಸೀಲು ಎಲ್ಲವನ್ನೂ ಇಲ್ಲೇ ಮಾಡಲು ಕಲಿತದ್ದು ಹೀಗೆ. ಆ ಹೆಮ್ಮೆ ನನಗೆ ಇವತ್ತಿಗೂ ಇದೆ.

ಆದರೆ ಯುರೇನಿಯಂ ಮಾಡಲು ಬರುವುದಿಲ್ಲವಲ್ಲ. ನಮ್ಮ ಗಣಿಗಳಲ್ಲಿ ಸಿಗುವುದು ಕಡಿಮೆ. 2007-08ರ ಹೊತ್ತಿಗೆ ಯಂತ್ರ ಚೆನ್ನಾಗಿದ್ದರೂ ಇಂಧನ ಇಲ್ಲದೆ ರಿಯಾಕ್ಟರುಗಳನ್ನು ಅರ್ಧ ಪವರಿನಲ್ಲಿ ಓಡಿಸಬೇಕಾಯಿತು. ನಾನಾಗ ಕಂಟ್ರೋಲ್ ರೂಮಿನಲ್ಲಿದ್ದೆ. ಆರೋಗ್ಯವಾಗಿರುವ ರಿಯಾಕ್ಟರನ್ನು ತಗ್ಗಿಸಿ ಓಡಿಸುವ ಸಂಕಟ ಆ ಕೆಲಸ ಮಾಡಿದವರಿಗೇ ಗೊತ್ತು. ಅಮೆರಿಕದ ಒಪ್ಪಂದ ಬೇಕಾದದ್ದು ಇದಕ್ಕೆ. ಅದನ್ನು ಒಪ್ಪದೆ ಎಡಪಕ್ಷಗಳು ಬೆಂಬಲ ಹಿಂತೆಗೆದವು. 2008ರ ಜುಲೈ 22ರಂದು ಮನಮೋಹನ್ ಸಿಂಗ್ ಸರ್ಕಾರ ವಿಶ್ವಾಸಮತದಲ್ಲಿ 275-256ರಿಂದ ಉಳಿಯಿತು. ಸೆಪ್ಟೆಂಬರಿನಲ್ಲಿ ಎನ್‌ಎಸ್‌ಜಿ ನಮಗೆ ವಿನಾಯಿತಿ ಕೊಟ್ಟಿತು, ಹೊರಗಿನ ಯುರೇನಿಯಂಗೆ ದಾರಿಯಾಯಿತು.

ಈಗ ನಿನ್ನ ಪ್ರಶ್ನೆ. ಹೊರದೇಶದ ಯುರೇನಿಯಂ ಹಾಕಬಹುದಾದದ್ದು ತಪಾಸಣೆಗೆ ಒಪ್ಪಿದ ರಿಯಾಕ್ಟರಿಗೆ ಮಾತ್ರ. ಕೈಗಾದ ನಾಲ್ಕನ್ನೂ ಸೇರಿಸಿ ಎಂಟನ್ನು ದೆಹಲಿ ಹೊರಗಿಟ್ಟಿತು. ಅವುಗಳಿಂದ ಬರುವ ಪ್ಲುಟೋನಿಯಂನ ಲೆಕ್ಕ ಯಾರಿಗೂ ಕೊಡಬೇಕಿಲ್ಲ. ಬ್ರೀಡರಿಗೋ ಮತ್ತೊಂದಕ್ಕೋ, ಆಯ್ಕೆ ನಮ್ಮ ಕೈಯಲ್ಲೇ ಇರಲಿ ಎಂಬ ಲೆಕ್ಕಾಚಾರ. ಅದಕ್ಕೆ ಬೆಲೆಯೂ ಇದೆ. ಕೈಗಾ ನಮ್ಮ ಯುರೇನಿಯಂನಲ್ಲೇ ಓಡಬೇಕು. ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿದ್ದು ಈ ನೆಲದ ಇಂಧನದಲ್ಲೇ.

ನನ್ನ ನೋವು ಒಂದೇ. ಈ ಆಯ್ಕೆ ಸರಿ ಇರಬಹುದು. ಆದರೆ ಅದನ್ನು ಕೈಗಾ ಇರುವ ಕಾಳಿ ನದಿ ದಂಡೆಯ ಜನರ ಎದುರು ಕೂತು ಯಾರೂ ಬಿಡಿಸಿ ಹೇಳಲಿಲ್ಲ. ಹೇಳದೆ ಬಿಟ್ಟದ್ದನ್ನು ಗಾಳಿಸುದ್ದಿ ತುಂಬಿತು.

ಶಿರಸಿ ತೋಟ: ಹೇಳದಿದ್ದದ್ದು ಮಾತ್ರವಲ್ಲ, ಕೇಳಿದವರನ್ನು ಹೀಯಾಳಿಸಿದರು. ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ನಿಂತದ್ದೇ ಕೈಗಾ ವಿರೋಧಿಸಿ.

ಮೈಸೂರ್ ಮೇಷ್ಟ್ರು: ನಿಂತು ಸೋತರು. ಜನರೇ ಒಪ್ಪಲಿಲ್ಲ ಎಂದಾಯಿತು. ಎಲ್ಲದಕ್ಕೂ ಅಡ್ಡ ಬಂದರೆ ಕರೆಂಟು ಎಲ್ಲಿಂದ ಬರಬೇಕು?

ಶಿರಸಿ ತೋಟ: ನಿಮ್ಮ ಮನೆಗೆ ಕರೆಂಟು, ನಮ್ಮ ಕಾಡಿಗೆ ರಿಯಾಕ್ಟರು. ಮೈಸೂರಿನ ಪಕ್ಕದಲ್ಲೇ ಕಟ್ಟಿಸಿಕೊಳ್ಳಿ.

ಮೈಸೂರ್ ಮೇಷ್ಟ್ರು: ಇಂಥವರಿಗೆ ವಿದೇಶದ ದುಡ್ಡು ಬರುತ್ತದೆ, ಎಲ್ಲರಿಗೂ ಗೊತ್ತು.

ಎಂಜಿನಿಯರ್: ಮೇಷ್ಟ್ರೇ, ಆ ಮಾತು ವಾಪಸ್ ತಗೊಳ್ಳಿ. 1994ರ ಮೇ 13ರಂದು ಕೈಗಾದಲ್ಲಿ ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಮೈ ಕಳಚಿ ಬಿತ್ತು. ಬಿದ್ದದ್ದು ಸುಮಾರು 130 ಟನ್ ಕಾಂಕ್ರೀಟ್. ಆಗ ಒಳಗೆ ಇಂಧನ ಇರಲಿಲ್ಲ. ಇದ್ದಿದ್ದರೆ ಅಂತ ಯೋಚಿಸಿ. ಆಮೇಲೆ ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. ಪ್ರಶ್ನೆ ಕೇಳಿದವರು ದ್ರೋಹಿಗಳಲ್ಲ.

ಬೆಂಗಳೂರು ಬಾಬು: ಸರ್, ಇದು ನೋಡಿ: "ಅಯೋಡಿನ್ ಉಪ್ಪು ಜಾಸ್ತಿ ತಿನ್ನಿ, ಗಂಟಲಿಗೆ ಟಿಂಚರ್ ಹಚ್ಚಿ, ವಿಕಿರಣ ತಟ್ಟುವುದಿಲ್ಲ. ಎಲ್ಲರಿಗೂ ಕಳಿಸಿ." ಕಾರವಾರದ ನೆಂಟರಿಗೆ ಕಳಿಸಲೇ?

ಎಂಜಿನಿಯರ್: ಕಳಿಸಬೇಡಿ. ಅಳಿಸಿ ಹಾಕಿ. 2011ರಲ್ಲಿ ಫುಕುಶಿಮಾ ಆದಾಗಲೂ ಇದೇ ಹರಿದಾಡಿತ್ತು. ಚೀನಾದಲ್ಲಿ ಜನ ಅಂಗಡಿಗಳ ಉಪ್ಪು ಖಾಲಿ ಮಾಡಿದ್ದರು. ಒಂದು ಕಿಲೋ ಉಪ್ಪಿನಲ್ಲಿ ಇರುವ ಅಯೋಡಿನ್ 15 ಮಿಲಿಗ್ರಾಂ ಆಸುಪಾಸು. ಅಣು ಅಪಘಾತವಾದಾಗ ದೊಡ್ಡವರಿಗೆ ಕೊಡುವ ಒಂದು ಅಯೋಡಿನ್ ಮಾತ್ರೆಯಲ್ಲಿ ಇರುವಷ್ಟು ಬೇಕೆಂದರೆ ಆರೇಳು ಕಿಲೋ ತಿನ್ನಬೇಕು. ಅದಕ್ಕೆ ಮೊದಲೇ ಉಪ್ಪೇ ಕೊಲ್ಲುತ್ತದೆ. ಟಿಂಚರ್ ಕುಡಿದರೆ ವಿಷ. ಆ ಮಾತ್ರೆ ಕೂಡ ಕಾಪಾಡುವುದು ಥೈರಾಯ್ಡ್ ಒಂದನ್ನೇ, ವಿಕಿರಣದ ಅಯೋಡಿನ್‌ನಿಂದ ಮಾತ್ರ. ಜಿಲ್ಲಾಡಳಿತ ಹೇಳಿದಾಗ ನುಂಗಬೇಕು, ಸುಮ್ನೆ ಅಲ್ಲ.

ಬಳ್ಳಾರಿ ಗೆಳೆಯ: ಭಾಭಾ ಅವರ ವಿಮಾನ ಬೀಳಿಸಿದ್ದು ಸಿಐಎ ಅಂತಾರಲ್ಲ, ಸರ್?

ಎಂಜಿನಿಯರ್: 1966ರ ಜನವರಿ 24, ಯುರೋಪಿನ ಮಾಂಟ್ ಬ್ಲಾಂಕ್ ಬೆಟ್ಟ, 117 ಜನ ಸತ್ತರು. ಸಿಐಎ ಕೈವಾಡಕ್ಕೆ ಪುರಾವೆ ಇಲ್ಲ. ಮುಂದಿನ ಪ್ರಶ್ನೆ.

ತುಮಕೂರು ತಮ್ಮ: ಥೋರಿಯಂ ಇದ್ದರೂ ಯಾಕೆ ಬಳಸುತ್ತಿಲ್ಲ, ಸರ್?

ಎಂಜಿನಿಯರ್: ಮೇಲೆ ಓದಿ.

ಶಹಾಪುರ ರೈತ: ಸರ್, ಗೋಗಿ ಬಗ್ಗೆ ಕೇಳಿದ್ದೆ.

ಕಾರವಾರ್ ಅಕ್ಕ: ಅಣ್ಣಾ, ನಮ್ಮ ಅತ್ತೆ ಮನೆ ಮಲ್ಲಾಪುರದ ಹತ್ತಿರ. ಈಗ ಕೈಗಾದಲ್ಲಿ ಐದು, ಆರನೇ ಘಟಕ ಬರುತ್ತಿವೆ, ತಲಾ 700 ಮೆಗಾವ್ಯಾಟ್. ಏನಾದರೂ ಹೆಚ್ಚುಕಮ್ಮಿ ಆದರೆ ಪರಿಹಾರ ಕೊಡುವವರು ಯಾರು?

ಎಂಜಿನಿಯರ್: ಅಕ್ಕಾ, ನನ್ನ ನಿದ್ದೆ ಕೆಡಿಸುವುದು ಈ ಪ್ರಶ್ನೆಯೇ. ಮೊದಲು ಹೊಣೆ ಸ್ಥಾವರ ನಡೆಸುವವರದು. 2010ರ ಕಾಯ್ದೆಯಲ್ಲಿ ಅವರ ಮಿತಿ 1,500 ಕೋಟಿ ರೂಪಾಯಿ ಇತ್ತು. ಆದರೆ ಅದರ ಕಲಂ 17(ಬಿ)ಯಲ್ಲಿ ಒಂದು ಹಲ್ಲಿತ್ತು. ಕೆಟ್ಟ ಸಾಮಾನು ಕೊಟ್ಟ ಕಂಪನಿಯಿಂದಲೂ ದುಡ್ಡು ವಸೂಲಿ ಮಾಡಬಹುದಿತ್ತು. ಭೋಪಾಲಿನ ನೆನಪೇ ಆ ಕಲಂ ಬರೆಸಿದ್ದು. ಹೊರದೇಶದ ಕಂಪನಿಗಳಿಗೆ ಅದು ಹಿಡಿಸಲಿಲ್ಲ. ಮಹಾರಾಷ್ಟ್ರದ ಜೈತಾಪುರದ ಫ್ರೆಂಚ್ ರಿಯಾಕ್ಟರುಗಳೂ ಆಂಧ್ರದ ಕೊವ್ವಾಡದ ಅಮೆರಿಕನ್ ರಿಯಾಕ್ಟರುಗಳೂ ಕಾಗದದಲ್ಲೇ ಉಳಿದವು. 2025ರ ಡಿಸೆಂಬರಿನಲ್ಲಿ ಸಂಸತ್ತು ಶಾಂತಿ (SHANTI) ಎಂಬ ಹೆಸರಿನ ಹೊಸ ಅಣುಶಕ್ತಿ ಕಾಯ್ದೆ ಪಾಸ್ ಮಾಡಿತು. ಖಾಸಗಿಯವರಿಗೆ ಬಾಗಿಲು ತೆರೆಯಿತು, ಆ ಹಲ್ಲು ಕಿತ್ತಿತು. ಈಗ ಅತಿ ದೊಡ್ಡ ರಿಯಾಕ್ಟರಿಗೂ ನಡೆಸುವವರ ಮಿತಿ 3,000 ಕೋಟಿ. ಅದಕ್ಕಿಂತ ಮೇಲಿನದಕ್ಕೆ ಸರ್ಕಾರ, ಅಂದರೆ ನಾವೇ.

ಒಂದು ಒಳ್ಳೆಯದೂ ಆಗಿದೆ. ಸುರಕ್ಷತೆ ನೋಡುವ ಎಇಆರ್‌ಬಿ 1983ರಿಂದ ಕಾನೂನಿನ ಬಲವೇ ಇಲ್ಲದೆ, ಅಣುಶಕ್ತಿ ಆಯೋಗದ ಕೈಕೆಳಗೇ ಇತ್ತು. 2012ರಲ್ಲಿ ಸಿಎಜಿ ಇದನ್ನು ಎತ್ತಿ ಹೇಳಿತ್ತು. ಈಗ ಕಾನೂನಿನ ಸ್ಥಾನ ಸಿಕ್ಕಿದೆ.

ಮೈಸೂರ್ ಮೇಷ್ಟ್ರು: ಕಂಪನಿಗಳು ಬರದಿದ್ದರೆ 100 ಗಿಗಾವ್ಯಾಟ್ ಮೂಗಿಗೆ ತುಪ್ಪ ಅಷ್ಟೆ. ಸುಮ್ನೆ ಹೆದರಿಸಬೇಡಿ.

ಎಂಜಿನಿಯರ್: ನಾನು ಹೆದರಿಸುತ್ತಿಲ್ಲ. ನನ್ನ ಮಗ ಇವತ್ತೂ ರಿಯಾಕ್ಟರಿನಲ್ಲೇ ಕೆಲಸ ಮಾಡುತ್ತಾನೆ.

ಶಿರಸಿ ತೋಟ: ಮೇಷ್ಟ್ರಿಗೆ ಓದಲು ಬರುತ್ತದೆ, ಅರ್ಥ ಮಾಡಿಕೊಳ್ಳಲು ಬರುವುದಿಲ್ಲ.

ಮೈಸೂರ್ ಮೇಷ್ಟ್ರು: ನಾಲಿಗೆ ಬಿಗಿಹಿಡಿ.

ಬೆಂಗಳೂರು ಬಾಬು: ಸರ್, ಇನ್ನೊಂದು ಮೆಸೇಜ್ ಬಂದಿದೆ, ತುಳಸಿ ಮತ್ತು ಅರಿಶಿನ...

ಎಂಜಿನಿಯರ್: ಬಾಬು ಅವರೇ, ಸಾಕು.

ಕಾರವಾರ್ ಅಕ್ಕ: ಅಣ್ಣಾ, ಕೊನೆಯದು. ತುರ್ತು ಯೋಜನೆ 16 ಕಿಲೋಮೀಟರ್‌ವರೆಗೆ ಅಂತಾರೆ. ಅತ್ತೆಗೆ ನಾನು ಏನು ಹೇಳಲಿ?

ಎಂಜಿನಿಯರ್: ಸೈರನ್ ಕೇಳಿದರೆ ಮನೆಯೊಳಗೆ ಹೋಗಿ ಬಾಗಿಲು, ಕಿಟಕಿ ಮುಚ್ಚಲಿ. ತೆರೆದಿಟ್ಟ ನೀರು, ತಿಂಡಿ ಮುಟ್ಟಬಾರದು. ರೇಡಿಯೋ ಹಾಕಿಕೊಂಡು ಜಿಲ್ಲಾಡಳಿತ ಹೇಳಿದಂತೆ ನಡೆಯಲಿ. ಅಣಕು ಕಾರ್ಯಾಚರಣೆ ನಡೆದಾಗ ತಪ್ಪದೆ ಹೋಗಿ ನೋಡಲಿ. ಜನರನ್ನು ಯಾವ ದಾರಿಯಲ್ಲಿ, ಯಾವ ಊರಿಗೆ ಕರೆದೊಯ್ಯುತ್ತಾರೆ ಎಂದು ತಹಶೀಲ್ದಾರರ ಕಚೇರಿಯಲ್ಲಿ ಕೇಳಿ. ಬರಹದಲ್ಲಿ ಕೇಳಿ.

ಅಡ್ಮಿನ್: ಮೇಷ್ಟ್ರು ಮತ್ತು ಶಿರಸಿಯವರ ಕೆಲವು ಕಾಮೆಂಟು ತೆಗೆದಿದ್ದೇನೆ. ಇವತ್ತಿಗೆ ಮುಗಿಸೋಣ.

ಶಹಾಪುರ ರೈತ: ಕೈಗಾ ನಮ್ಮ ನೆಲದ ಯುರೇನಿಯಂನಲ್ಲೇ ಓಡಬೇಕು ಅಂದಿರಿ, ಸರ್. ಆ ನೆಲ ನಮ್ಮದು. ಬೆಳಗ್ಗೆಯಿಂದ ಕೇಳುತ್ತಿದ್ದೇನೆ, ಬಾವಿ ನೀರಿನ ಬಗ್ಗೆ.